ಅರ್ಧ ಅಂಕದ ಶೂರ

ಸೋಲಬಾರದು ಎಂಬ ಒಂದೇ ಹಟಕ್ಕೆ ಬಿದ್ದು ನಾನು ಚೆಸ್ಸಿನಲ್ಲಿ ಕಪ್ಪು ಕಾಯಿಯವರ ಗೋಡೆ ಎನಿಸಿದ ಬರ್ಲಿನ್ ಡಿಫೆನ್ಸ್ ಕಲಿತೆ. 2000ದಲ್ಲಿ ಲಂಡನ್ನಿನಲ್ಲಿ ವಿಶ್ವಪಟ್ಟದ ಪಂದ್ಯದಲ್ಲಿ ಕ್ರಾಮ್ನಿಕ್ ಈ ಗೋಡೆಯನ್ನು 4 ಸಲ ಎಬ್ಬಿಸಿದ. ನಾಲ್ಕು ಸಲವೂ ಕ್ಯಾಸ್ಪರೋವ್ ಅದಕ್ಕೆ ಹಣೆ ಚಚ್ಚಿ ಡ್ರಾ ಮಾಡಿಕೊಂಡು ಎದ್ದ. 15 ವರ್ಷ ವಿಶ್ವ ಚಾಂಪಿಯನ್ ಆಗಿದ್ದವನು ಒಂದಾಟವನ್ನೂ ಗೆಲ್ಲದೆ ಪಟ್ಟ ಬಿಟ್ಟುಕೊಟ್ಟ. ಅಂಥವನಿಗೇ ಒಡೆಯಲಾಗದ ಗೋಡೆ ನಮ್ಮೂರ ಕಲ್ಯಾಣಮಂಟಪದ ಓಪನ್ ಟೂರ್ನಮೆಂಟಿನಲ್ಲಿ ಬಿದ್ದೀತೆ?

ಎದುರಿಗೆ ಬಂದು ಕೂತದ್ದು 9 ವರ್ಷದ ಹುಡುಗ. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಬಿಳಿ ಅವನದು. ರಾಜನ ಮುಂದಿನ ಕಾಲಾಳು, ಆಮೇಲೆ ಕುದುರೆ, ಮೂರನೆಯ ನಡೆಗೆ ಒಂಟೆ ಬಂದು ನನ್ನ ಕುದುರೆಯ ಮೇಲೆ ಕಣ್ಣಿಟ್ಟಿತು. 16ನೆಯ ಶತಮಾನದ ಸ್ಪೇನಿನ ಪಾದ್ರಿ ರೂಯ್ ಲೋಪೆಜನ ಹೆಸರು ಹೊತ್ತ ಆರಂಭ! ಹಾಲು ಕುಡಿದಷ್ಟು ಸಂತೋಷವಾಯಿತು. ಇನ್ನೊಂದು ಕುದುರೆ ಎತ್ತಿ ಗೋಡೆಗೆ ಪಾಯ ಹಾಕಿದೆ. ನಡುನಡುವೆ ಗಲ್ಲಕ್ಕೆ ಕೈಕೊಟ್ಟು ಯೋಚಿಸುವವನಂತೆ ಕೂತೆ. ಯೋಚಿಸಲು ಏನಿತ್ತು? ಎಲ್ಲ ಬಾಯಿಪಾಠ.

ಆರನೆಯ ನಡೆಗೆ ಹುಡುಗ ಒಂಟೆಯನ್ನು ಹಾಗೇ ಬಿಟ್ಟು ನನ್ನ ಕಾಲಾಳನ್ನು ಹೊಡೆದ. ಪಾಪ, ಮಗು ನೋಡಿಲ್ಲ ಎಂದುಕೊಂಡು ಒಂಟೆ ತಿಂದೆ. ಅವನು ಅಂಚಿನ ಕಾಲಾಳನ್ನು ತಳ್ಳಿ, ತಿಂದ ಕುದುರೆಯನ್ನೇ ವಿಚಾರಿಸಿಕೊಂಡ. ಆಗ ನೆನಪಾಯಿತು, ಇದೂ ಪಾಠದಲ್ಲಿತ್ತು! ತಿಂದದ್ದನ್ನು ಕಕ್ಕಿದೆ. ಹತ್ತನೆಯ ನಡೆಯ ಹೊತ್ತಿಗೆ ಇಬ್ಬರ ಮಂತ್ರಿಗಳೂ ಬಯಲಿಗೆ ಬಂದಿದ್ದವು. ಅವನು ಚೆಕ್ ಕೊಟ್ಟ, ನಾನು ಮಂತ್ರಿಯನ್ನು ಅಡ್ಡ ತಂದೆ. ಅವನದು ಹಿಂದೆ ಸರಿಯಿತು, ನನ್ನದೂ ಸರಿಯಿತು. ಮತ್ತೆ ಚೆಕ್, ಮತ್ತೆ ಅಡ್ಡ. ಇಕ್ಕಟ್ಟಿನ ಓಣಿಯಲ್ಲಿ ಎದುರುಬದುರಾದ ಎರಡು ಆಟೊಗಳ ಹಾಗೆ.

30 ನಡೆಗೆ ಮೊದಲು ಡ್ರಾ ಒಪ್ಪಿಕೊಳ್ಳಕೂಡದೆಂದು ಗೋಡೆಗೆ ನೋಟಿಸು ಅಂಟಿಸಿದ್ದರು. ಆದರೆ ಒಂದೇ ಸ್ಥಿತಿ ಮೂರು ಸಲ ಮರುಕಳಿಸಿದರೆ ಯಾವ ನೋಟಿಸೂ ತಡೆಯದು. ಈ ನಡೆಗಳು ಜನಪ್ರಿಯವಾದದ್ದೂ ಅದಕ್ಕೇ. 14ನೆಯ ನಡೆಯನ್ನು ಹಾಳೆಯಲ್ಲಿ ಬರೆದು, ಗಡಿಯಾರ ನಿಲ್ಲಿಸಿ, ಗಂಭೀರವಾಗಿ ಆರ್ಬಿಟರರನ್ನು ಕರೆದೆ. ಅವರು ಬೋರ್ಡು ನೋಡಿದರು, ಹುಡುಗನನ್ನು ನೋಡಿದರು, ನನ್ನ ನರೆಗೂದಲನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದರು.

ಕೈಕುಲುಕುತ್ತಾ ಹುಡುಗ ಪಿಸುಗುಟ್ಟಿದ: “ಅಂಕಲ್, ನೀವೂ ಯೂಟ್ಯೂಬಲ್ಲೇ ಕಲ್ತಿದ್ದಾ?”

ಹೊರಗೆ ಅವನಮ್ಮ ಚಿತ್ರಾನ್ನದ ಡಬ್ಬಿಯ ಮುಚ್ಚಳ ಕೂಡ ತೆಗೆದಿರಲಿಲ್ಲ. “ಇಷ್ಟು ಬೇಗ ಸೋತ್ಯೇನೋ?” ಅಂದರು. “ಇಲ್ಲಮ್ಮ, ಅಂಕಲ್ ಸೋಲೋಕೆ ಬಿಡ್ಲಿಲ್ಲ” ಅಂದ. ಅದನ್ನು ಹೊಗಳಿಕೆ ಎಂದೇ ಇಟ್ಟುಕೊಂಡಿದ್ದೇನೆ.

ಮುಂದಿನ ಸುತ್ತಿನ ಎದುರಾಳಿ ಮೊದಲಿಗೇ ಮಂತ್ರಿಯ ಮುಂದಿನ ಕಾಲಾಳು ನಡೆಸಿದ. ಬರ್ಲಿನ್ ಗೋಡೆಗೆ ಅಲ್ಲಿ ನಿವೇಶನವೇ ಇಲ್ಲ. ಸ್ವಂತ ಬುದ್ಧಿಯಿಂದ ಆಡಿದೆ. 11ನೆಯ ನಡೆಗೆ ಮಂತ್ರಿ ಹೋಯಿತು.