ಮುಳುಗಣ್ಣ

ರಾಮನಗರದ ಹೋಟೆಲುಗಳಲ್ಲಿ ಒಂದು ಕಾಲಕ್ಕೆ ಯಾವ ಟೇಬಲ್ಲಿಗೆ ಹೋಗಿ ಕೂತರೂ ಎದುರಿಗೆ ‘ಶೋಲೆ’ಯವರೊಬ್ಬರು ಸಿಗುತ್ತಿದ್ದರು. ಒಬ್ಬರು ಗಬ್ಬರ್ ಸಿಂಗನ ಕುದುರೆಗೆ ಹುಲ್ಲು ಹಾಕಿದ್ದರು, ಇನ್ನೊಬ್ಬರು ಧರ್ಮೇಂದ್ರನಿಗೆ ಎಳನೀರು ಕೊಚ್ಚಿ ಕೊಟ್ಟಿದ್ದರು, ಮತ್ತೊಬ್ಬರು ಹೇಮಾಮಾಲಿನಿಯ ಟಾಂಗಾದ ಹಿಂದೆ ಓಡಿದ್ದರು. 1975ರಲ್ಲಿ ತೆರೆಕಂಡ ಆ ಸಿನಿಮಾದಲ್ಲಿ ಇವರ್ಯಾರೂ ಕಾಣುವುದಿಲ್ಲ ಅನ್ನುವುದು ಬೇರೆ ಮಾತು. ಕೇಳಿದರೆ ‘ಎಡಿಟಿಂಗಲ್ಲಿ ಹೋಯ್ತು’ ಅನ್ನುತ್ತಿದ್ದರು. ಆ ತಲೆಮಾರು ಒಬ್ಬೊಬ್ಬರಾಗಿ ಎದ್ದುಹೋಯಿತು. ಖಾಲಿಯಾದ ಕುರ್ಚಿಗೆ ಈಗ ಬಂದು ಕೂತಿರುವವನು ಮುಳುಗಣ್ಣ.

ಹೆಸರು ನಾವಿಟ್ಟದ್ದು. ಇಂಥವರು ಚನ್ನಪಟ್ಟಣದಲ್ಲೂ ಇದ್ದಾರೆ, ಕನಕಪುರದಲ್ಲೂ ಇದ್ದಾರೆ. ಮಾಗಡಿಯ ಕೋಟೆ ಹತ್ತಿರ ನಿಂತು ‘ಮುಳುಗಣ್ಣಾ’ ಅಂತ ಕೂಗಿದರೆ ಒಬ್ಬನಾದರೂ ತಿರುಗಿ ನೋಡುತ್ತಾನೆ. ನಮಗೂ ಸಮುದ್ರಕ್ಕೂ ನಡುವೆ ಒಂದು ರಾತ್ರಿಯ ಬಸ್ ಪ್ರಯಾಣ. ಸಮುದ್ರಮಟ್ಟದಿಂದ ಏಳುನೂರು ಮೀಟರಿಗೂ ಮೇಲೆ, ಬಂಡೆ, ರಾಗಿ, ಹಿಪ್ಪುನೇರಳೆಯನ್ನು ನಂಬಿಕೊಂಡು ಬದುಕಿರುವವರು ನಾವು. ನೀರಿನಲ್ಲಿ ಮುಳುಗುವುದು ಅಂದರೆ ನಮ್ಮ ಕಡೆ ಒಳ್ಳೆಯ ಸುದ್ದಿಯಲ್ಲ. ಸಂಗಮದಲ್ಲೋ ಮಂಚನಬೆಲೆಯಲ್ಲೋ ಹುಡುಗರು ಕಾಲು ಜಾರಿದರೆ ಮಾರನೆಯ ದಿನ ಪೇಪರಿನಲ್ಲಿ ‘ಮುಳುಗು ತಜ್ಞರಿಂದ ಶೋಧ’ ಅಂತ ಬರುತ್ತದೆ, ಅಷ್ಟೆ. ಹಾಗಾಗಿ ಅವನು ಮೊದಲ ಸಲ ‘ಮಾವ, ನಾನೀಗ ಡೈವರ್’ ಅಂದಾಗ ಮಾವ ತಟ್ಟೆಯಿಂದ ಕೈ ತೆಗೆದು, ‘ಅಯ್ಯೋ, ಯಾರ ಮಕ್ಳು ಹೋದ್ವಪ್ಪಾ?’ ಅಂದರು. ಅಡುಗೆಮನೆಯಲ್ಲಿದ್ದ ಅತ್ತೆಗೆ ‘ಡ್ರೈವರ್’ ಅಂತ ಕೇಳಿಸಿ, ಇಂಜಿನಿಯರ್ ಕೆಲಸ ಯಾಕೆ ಬಿಟ್ಟ ಅಂತ ಕಣ್ಣೀರು ಹಾಕಿಕೊಂಡರು.

ಕೆಲಸ ಬಿಟ್ಟಿರಲಿಲ್ಲ. ಕೆಲಸವೇ ಅವನನ್ನು ನೀರಿಗೆ ತಳ್ಳಿದ್ದು. ಬೆಂಗಳೂರಿನ ಕಂಪನಿಯವರು ಟೀಮ್ ಔಟಿಂಗ್ ಅಂತ ಮುರುಡೇಶ್ವರಕ್ಕೆ ಕರೆದುಕೊಂಡು ಹೋದರು. ಉಳಿದವರು 123 ಅಡಿಯ ಶಿವನ ಮುಂದೆ ಸೆಲ್ಫಿ ತೆಗೆದುಕೊಂಡು ಮೀನೂಟಕ್ಕೆ ನಡೆದರೆ ಇವನು ನೇತ್ರಾಣಿಯ ದೋಣಿ ಹತ್ತಿದ. ದಡದಿಂದ ಹತ್ತೊಂಬತ್ತು ಕಿಲೋಮೀಟರ್ ಆಚೆಗಿರುವ ದ್ವೀಪ ಅದು. ಪಾರಿವಾಳಗಳ ದ್ವೀಪ ಅಂತಲೂ ಕರೆಯುತ್ತಾರೆ, ಮೇಲಿನಿಂದ ನೋಡಿದರೆ ಹೃದಯದ ಆಕಾರ ಅನ್ನುತ್ತಾರೆ. ಆ ಹೃದಯದ ಮೇಲೆ ನೌಕಾಪಡೆ ಗುಂಡು ಹಾರಿಸಿ ಗುರಿ ಅಭ್ಯಾಸ ಮಾಡುತ್ತಿತ್ತು. ಮುಳುಗಣ್ಣ ದ್ವೀಪ ಮುಟ್ಟುವ ಹೊತ್ತಿಗೆ ಬೆಳಗಿನ ಇಡ್ಲಿ ಅರಬ್ಬಿ ಸಮುದ್ರಕ್ಕೆ ಸಮರ್ಪಣೆಯಾಗಿತ್ತು.

ಅವನಿಗೆ ಆಗ ಈಜು ಬರುತ್ತಿರಲಿಲ್ಲ. ಬರಬೇಕಾಗಿಯೂ ಇರಲಿಲ್ಲ. ಮೊದಲ ಸಲ ಇಳಿಯುವವರನ್ನು 12 ಮೀಟರಿಗಿಂತ ಕೆಳಗೆ ಬಿಡುವುದಿಲ್ಲ, ಬೆನ್ನಿನ ಸಿಲಿಂಡರನ್ನು ಕಲಿಸುವವರು ಹಿಂದಿನಿಂದ ಬಿಗಿಯಾಗಿ ಹಿಡಿದಿರುತ್ತಾರೆ. ತೊಂದರೆ ಕೊಟ್ಟದ್ದು ಹೊಟ್ಟೆ. ಕೊಬ್ಬು ತೇಲುವ ವಸ್ತು. ಮುದ್ದೆ, ನಾಟಿಕೋಳಿ ಸಾರಿನಲ್ಲಿ ಸಾಕಿದ ಹೊಟ್ಟೆ ಮುಳುಗಲು ಸುತರಾಂ ಒಪ್ಪಲಿಲ್ಲ. ಸೊಂಟಕ್ಕೆ ಇನ್ನಷ್ಟು ಸೀಸದ ತುಂಡು ಕಟ್ಟಿ ಇಳಿಸಿದರು. ಆ ದಿನದ ಫೋಟೊವನ್ನು ಅವನು ಕಟ್ಟು ಹಾಕಿಸಿ ಹಜಾರದಲ್ಲಿ ತೂಗುಹಾಕಿದ್ದಾನೆ. ಹಿಂದೆ ಹಿಡಿದವರನ್ನು ನೀಟಾಗಿ ಕತ್ತರಿಸಿ ತೆಗೆದಿದ್ದರೂ ಅವನ ಹೆಗಲ ಮೇಲೆ ಎರಡು ಬೆರಳು ಉಳಿದುಕೊಂಡಿವೆ. ಅವನ ಅವ್ವ ಬಂದವರಿಗೆಲ್ಲ ಮೊದಲು ತೋರಿಸುವುದು ಆ ಬೆರಳನ್ನೇ.

ನಲವತ್ತು ಅಡಿ ಇಳಿದೆ ಅಂತ ದೊಡ್ಡಪ್ಪನ ಮುಂದೆ ಎದೆಯುಬ್ಬಿಸಿದ. ದೊಡ್ಡಪ್ಪ ಎಲೆಗೆ ಸುಣ್ಣ ಸವರುತ್ತ, ‘ನಮ್ ಬೋರು ಸಾವಿರದಡಿ ಇಳೀತು ಕಣ್ಲಾ, ನೀರೇ ಸಿಗ್ನಿಲ್ಲ. ನೀನು ನಲ್ವತ್ತಕ್ಕೇ ವಾಪಸ್ ಬಂದ್ಯಾ?’ ಅಂದರು.

ಅಲ್ಲಿಂದ ಮುಂದೆ ಅವನ ಮಾತಿನ ವರಸೆಯೇ ಬದಲಾಯಿತು. ಕಟಿಂಗ್ ಶಾಪಿನಲ್ಲಿ ಕೂತು, ನೀರಿನಲ್ಲಿ ಪ್ರತಿ ಹತ್ತು ಮೀಟರಿಗೆ ಒತ್ತಡ ಒಂದು ವಾತಾವರಣದಷ್ಟು ಏರುತ್ತದೆ ಅಂತ ಶುರುಮಾಡಿದರೆ ಕತ್ತರಿ ತಾನಾಗಿ ನಿಲ್ಲುತ್ತದೆ. 1943ರಲ್ಲಿ ಫ್ರಾನ್ಸಿನ ಜಾಕ್ ಕೂಸ್ತೋ, ಎಮಿಲ್ ಗಾನ್ಯಾನ್ ಇಬ್ಬರೂ ಸೇರಿ ನೀರೊಳಗೆ ಉಸಿರಾಡುವ ಉಪಕರಣ ತಯಾರಿಸಿದ ಕಥೆಯನ್ನು ಗಡ್ಡಕ್ಕೆ ಸೋಪು ಹಚ್ಚಿಸಿಕೊಂಡವರೆಲ್ಲ ಕೇಳಲೇಬೇಕು, ಎದ್ದು ಓಡುವ ಹಾಗಿಲ್ಲ. ಸಿಲಿಂಡರಿನ ಗಾಳಿಯನ್ನು ಅಳೆಯುವುದು ಬಾರ್ ಲೆಕ್ಕದಲ್ಲಿ; ಇನ್ನೂರಕ್ಕೆ ತುಂಬಿಸಿ, ಐವತ್ತು ಉಳಿದಿರುವಾಗಲೇ ಮೇಲೆ ಬರಬೇಕು. ‘ಒಂದೇ ಗಂಟೇಲಿ ನೂರೈವತ್ತು ಬಾರ್ ಮುಗಿಸಿದೆ’ ಅಂತ ಅವನು ಬಸ್‌ಸ್ಟ್ಯಾಂಡಿನಲ್ಲಿ ಅಂದದ್ದನ್ನು ಅಪರಿಚಿತರೊಬ್ಬರು ಕೇಳಿಸಿಕೊಂಡು ಎದ್ದು ಸೀಟು ಬಿಟ್ಟುಕೊಟ್ಟರಂತೆ.

ಬಾಯಲ್ಲಿ ನಳಿಗೆ ಇರುವುದರಿಂದ ನೀರೊಳಗೆ ಮಾತೆಲ್ಲ ಕೈಯಲ್ಲೇ. ಹೆಬ್ಬೆರಳು ತೋರುಬೆರಳು ಸೇರಿಸಿ ಬಳೆ ಮಾಡಿದರೆ ‘ಎಲ್ಲ ಸರಿ’ ಅಂತ ಅರ್ಥ. ಮುಳುಗಣ್ಣ ಅದನ್ನು ದಡಕ್ಕೂ ತಂದ. ಚನ್ನಪಟ್ಟಣದ ಹೋಟೆಲಿನಲ್ಲಿ ಹುಡುಗ ಬಂದು ‘ದೋಸೆ ಸರಿಯಾಯ್ತಾ ಸಾ?’ ಅಂತ ಕೇಳಿದಾಗ ಇವನು ಬೆರಳಿನ ಬಳೆ ತೋರಿಸಿದ. ಹುಡುಗ ಒಂದು ಉದ್ದಿನ ವಡೆ ತಂದಿಟ್ಟ. ವಡೆ ತಿಂದು ಮತ್ತೆ ಬಳೆ ತೋರಿಸಿದ. ಇನ್ನೊಂದು ಬಂತು. ಹೆಬ್ಬೆರಳು ಮೇಲೆತ್ತಿದರೆ ‘ಮೇಲಕ್ಕೆ ಹೋಗೋಣ’ ಅನ್ನುವ ಸೂಚನೆಯಾದ್ದರಿಂದ ವಾಟ್ಸ್‌ಆ್ಯಪಿನಲ್ಲಿ ನಾವ್ಯಾರಾದರೂ ಹೆಬ್ಬೆಟ್ಟು ಒತ್ತಿದರೆ ‘ಯಾಕೆ, ಗಾಳಿ ಖಾಲಿಯಾಯ್ತಾ?’ ಅಂತ ಕೇಳುತ್ತಾನೆ.

ಇಷ್ಟಕ್ಕೇ ನಿಂತಿದ್ದರೆ ಸಹಿಸಿಕೊಳ್ಳಬಹುದಿತ್ತು. ಆದರೆ ಅಂಡಮಾನಿಗೆ ಹೋದ. ಹ್ಯಾವ್‌ಲಾಕ್ ಅಂತಿದ್ದು 2018ರಲ್ಲಿ ಸ್ವರಾಜ್ ದ್ವೀಪವಾಯಿತಲ್ಲ, ಅಲ್ಲಿ ಕೋರ್ಸ್ ಮಾಡಿ 18 ಮೀಟರ್ ಇಳಿಯುವ ಸರ್ಟಿಫಿಕೇಟ್ ತಂದ. ಜೊತೆಗೆ ಮ್ಯಾಕ್ರೊ, ಅಂದರೆ ಚಿಕ್ಕಚಿಕ್ಕ ಜೀವಿಗಳ ಫೋಟೊ ತೆಗೆಯುವ ಹುಚ್ಚನ್ನೂ ತಂದ. ಸಮುದ್ರದಲ್ಲಿ ಆಮೆ ಇದೆ, ತೊರಕೆ ಮೀನಿದೆ, ಅದೃಷ್ಟವಿದ್ದರೆ ಶಾರ್ಕ್ ಕೂಡ ಉಂಟು. ಮ್ಯಾಕ್ರೊದವರು ಇದಕ್ಕೆಲ್ಲ ಬೆನ್ನು ತಿರುಗಿಸಿ, ಒಂದು ಹವಳದ ಸಂದಿಗೆ ಮೂಗು ತೂರಿಸಿ, ಉಗುರಿನಗಲದ ಪ್ರಾಣಿಯನ್ನು ಮುಕ್ಕಾಲು ಗಂಟೆ ಹುಡುಕುತ್ತಾರೆ. ತಾವು ಕಡ್ಡಿಯಷ್ಟೂ ಅಲುಗಬಾರದು, ಏನನ್ನೂ ಮುಟ್ಟಬಾರದು, ಕಾಲಿನ ಈಜುರೆಕ್ಕೆ ತಾಗಿ ಮರಳೇಳಬಾರದು. ಮದುವೆಮನೆಯಲ್ಲಿ ಎರಡು ಎಲೆ ಉರುಳಿಸದೆ ಪಂಕ್ತಿ ದಾಟಲಾರದ ಮುಳುಗಣ್ಣ ಅಲ್ಲಿ ಹೇಗೆ ನಿಶ್ಚಲನಾಗುತ್ತಾನೋ, ನೋಡಿದವರು ನಮ್ಮಲ್ಲಿ ಯಾರೂ ಇಲ್ಲ.

ಕ್ಯಾಮೆರಾಕ್ಕೊಂದು ಗಟ್ಟಿ ಡಬ್ಬಿ ಬೇಕು. ಡಬ್ಬಿಯ ಬಾಯಿಗೆ ರಬ್ಬರಿನ ಓ-ರಿಂಗ್ ಇರುತ್ತದೆ. ಅದರ ಮೇಲೆ ಒಂದು ಕೂದಲು ಕೂತರೂ ಸಾಕು, ಆಳದಲ್ಲಿ ನೀರು ನುಗ್ಗಿ ಕ್ಯಾಮೆರಾ ಗೋವಿಂದ. ಈ ಜ್ಞಾನೋದಯವಾದ ದಿನದಿಂದ ಅವನ ಮನೆಯೊಳಗೆ ಯಾರೂ ತಲೆ ಬಾಚುವಂತಿಲ್ಲ. ಹೆಂಡತಿ, ಮಗಳು ಬಾಚಣಿಗೆ ಹಿಡಿದು ಟೆರೇಸಿಗೆ ಹೋಗುತ್ತಾರೆ. ಎದುರು ಮನೆಯವರು ಇದನ್ನೊಂದು ವ್ರತ ಅಂದುಕೊಂಡಿದ್ದಾರೆ.

ನೀರು ಮೊದಲು ನುಂಗುವ ಬಣ್ಣ ಕೆಂಪು. ಹತ್ತು ಮೀಟರ್ ಇಳಿಯುವಷ್ಟರಲ್ಲಿ ಅದು ಬಹುಪಾಲು ಸತ್ತು, ರಕ್ತವೂ ಕಪ್ಪುಹಸಿರಾಗಿ ಕಾಣುತ್ತದೆ. ಅದಕ್ಕೇ ಇವರು ಏಡಿಯ ಕೊಂಡಿಯಂಥ ಎರಡು ತೋಳಿಗೆ ಫ್ಲಾಶ್ ಕಟ್ಟಿಕೊಂಡು ಇಳಿಯುವುದು. ಇಷ್ಟನ್ನು ಸುಮ್ಮನೆ ಹೇಳಿದ್ದರೆ ನಮಗೂ ಹಿಡಿಸುತ್ತಿತ್ತು. ಇವನು ಹೇಳಿದ್ದು ಕಬ್ಬಾಳಮ್ಮನ ಸನ್ನಿಧಿಯಲ್ಲಿ: ‘ಅವ್ವಾ, ಈ ಕುಂಕುಮ ಐತಲ್ಲ, ಅಲ್ಲಿ ಕೆಳಗೆ ಕರ್ರಗೆ ಕಾಣ್ತದೆ.’ ಅವ್ವ ತಲೆಗೆ ಮೊಟಕಿ, ‘ಬಿಡ್ತು ಅನ್ನು!’ ಅಂದರು. ಅಂದ.

ತೆಗೆದ ಚಿತ್ರಗಳೆಲ್ಲ ಶುಭೋದಯದ ಜೊತೆ ನಮ್ಮ ಫೋನಿಗೆ ಬರುತ್ತವೆ. ಹೆಚ್ಚಿನವು ನುಡಿಬ್ರಾಂಕ್ ಅನ್ನುವ ಚಿಪ್ಪಿಲ್ಲದ ಸಮುದ್ರಗೊಂಡೆಹುಳು. ಲೋಕದಲ್ಲಿ ಮೂರು ಸಾವಿರಕ್ಕೂ ಮಿಕ್ಕ ಬಗೆ ಇವೆಯಂತೆ, ಒಂದೊಂದನ್ನೂ ನಮಗೆ ತೋರಿಸುವ ಸಂಕಲ್ಪ ಅವನದು. ನೇರಳೆ ಮೈಗೆ ಹಳದಿ ಅಂಚು, ತಲೆಯ ಮೇಲೆ ಎರಡು ಕೊಂಬು, ಬೆನ್ನಮೇಲೆ ಕಿವಿರಿನ ಜುಟ್ಟು. ಚೆಂದವಿದೆ, ಸುಳ್ಳು ಹೇಳಬಾರದು. ಆದರೆ ಅದರಲ್ಲೊಂದು ಚಿತ್ರ ಯಾರದೋ ಕೈಗೆ ಸಿಕ್ಕಿ, ಊರೂರು ಸುತ್ತಿ, ‘ಎಚ್ಚರಿಕೆ! ಕನಕಪುರ ಭಾಗದ ಹೂಕೋಸಿನಲ್ಲಿ ವಿಷಹುಳು ಪತ್ತೆ! ಮುಟ್ಟಿದರೆ ಐದೇ ನಿಮಿಷ! ಎಲ್ಲ ಗುಂಪುಗಳಿಗೂ ಕಳಿಸಿ’ ಎಂಬ ಒಕ್ಕಣೆ ಹೊತ್ತು ಅವನ ಸೋದರತ್ತೆಯ ಮೂಲಕ ಅವನಿಗೇ ವಾಪಸ್ ಬಂತು. ಅವನು ಸಿಟ್ಟಾಗಲಿಲ್ಲ, ತಿದ್ದಿದ. ಕೆಲವು ನುಡಿಬ್ರಾಂಕುಗಳು ತಾವು ತಿನ್ನುವ ಪ್ರಾಣಿಯ ಕುಟುಕುವ ಕಣಗಳನ್ನು ಅರಗಿಸದೆ ತಮ್ಮ ಬೆನ್ನಿನಲ್ಲೇ ಕೂಡಿಟ್ಟುಕೊಳ್ಳುತ್ತವೆ, ಹಾಗಾಗಿ ವಿಷದ ಮಾತು ಪೂರ್ತಿ ಸುಳ್ಳಲ್ಲ, ಹೂಕೋಸಿನದು ಮಾತ್ರ ಸುಳ್ಳು ಅಂತ ದೀರ್ಘವಾಗಿ ಬರೆದ. ಆ ವಾರ ನಮ್ಮ ಬೀದಿಯಲ್ಲಿ ಯಾರೂ ಹೂಕೋಸು ಕೊಳ್ಳಲಿಲ್ಲ.

ಚನ್ನಪಟ್ಟಣದ ಗೊಂಬೆ ಮಾಡುವವರೊಬ್ಬರ ಬಳಿ ಹೋಗಿ ನುಡಿಬ್ರಾಂಕಿನದ್ದೊಂದು ಗೊಂಬೆ ಬೇಕು ಅಂದನಂತೆ. ಅವರು ಫೋನನ್ನು ನಾಲ್ಕೂ ಕಡೆ ತಿರುಗಿಸಿ ನೋಡಿ, ಬಣ್ಣ ಬೇಕಾದರೆ ಅರಗಿನಲ್ಲಿ ಇದಕ್ಕಿಂತ ಚೆನ್ನಾಗಿ ತರುತ್ತೇನೆ, ಆದರೆ ಲೇತಿನಲ್ಲಿ ತಿರುಗುವ ಆಲೆಮರದ ತುಂಡಿನಿಂದ ಬರುವುದೆಲ್ಲ ದುಂಡಗೇ ಇರುತ್ತದೆ, ನಿಮ್ಮ ಹುಳ ದುಂಡಗಿಲ್ಲವಲ್ಲ ಅಂದರು. ಕೊನೆಗೆ ಒಂದು ಬುಗುರಿ ಕೊಂಡುಕೊಂಡು ಬಂದ.

ಇನ್ನೊಂದು ಮಾತು. ರಾಮದೇವರಬೆಟ್ಟ 2012ರಲ್ಲಿ ರಣಹದ್ದುಗಳ ಧಾಮವಾಯಿತು. ಅವುಗಳ ಒಂದು ಚಿತ್ರಕ್ಕಾಗಿ ಬೆಂಗಳೂರಿನಿಂದ ಜನ ಮೊಳದುದ್ದದ ಲೆನ್ಸು ಹೊತ್ತು ಬರುತ್ತಾರೆ. ಮುಳುಗಣ್ಣನ ಟೆರೇಸಿನಿಂದ ಆ ಬೆಟ್ಟ ನೇರ ಕಾಣುತ್ತದೆ. ಅವನು ಒಮ್ಮೆಯೂ ಅತ್ತ ಕ್ಯಾಮೆರಾ ಎತ್ತಿಲ್ಲ. ರೆಕ್ಕೆ ಬಿಚ್ಚಿದರೆ ಏಳಡಿಯಷ್ಟಾಗುವ ಹಕ್ಕಿ ಅವನಿಗೆ ತೀರಾ ದೊಡ್ಡದಾಯಿತೇನೋ. ಕಣ್ವದ ಏರಿಯ ಮೇಲೆ ನಿಂತಾಗಲೂ ‘ವಿಸಿಬಿಲಿಟಿ ಅರ್ಧ ಅಡಿನೂ ಇಲ್ಲ’ ಅಂತ ಮುಖ ಸಿಂಡರಿಸುತ್ತಾನೆ. ಮಂಚನಬೆಲೆಯಲ್ಲಿ ಮಾತ್ರ ಇವನ ತರಲೆ ಬಂದ್. ನೀರಿಗಿಳಿಯುವ ಹುಡುಗರನ್ನು ಗದರಿಸಿ, ದಡಕ್ಕೆ ಅಟ್ಟಿಸಿಕೊಂಡು ಬರುತ್ತಾನೆ. ಈಜು ಬಾರದೆಯೇ ಮೊದಲ ಸಲ ಸಮುದ್ರಕ್ಕಿಳಿದವನ ಕೈಲಿ ಬೈಸಿಕೊಳ್ಳುತ್ತಿದ್ದೇವೆ ಅಂತ ಆ ಹುಡುಗರಿಗೆ ಗೊತ್ತಿಲ್ಲ.

ಅವನ ಅವ್ವನ ವಿಷಯಕ್ಕೆ ಬರೋಣ. ಆಕೆ ಮದುವೆಯಾಗಿ ಬಂದಂದಿನಿಂದ ರೇಷ್ಮೆಹುಳ ಸಾಕುತ್ತಿರುವವರು. ಹುಳ ಪೊರೆ ಬಿಡುವುದಕ್ಕೆ ರೇಷ್ಮೆಯವರು ಜ್ವರ ಅನ್ನುತ್ತಾರೆ. ಅಂಡಮಾನಿನಿಂದ ಬಂದ ಮಗ ತನ್ನ ಅತ್ಯುತ್ತಮ ಚಿತ್ರವನ್ನು ಟಿವಿಗೆ ಹಾಕಿ ತೋರಿಸಿದ. ಅವ್ವ ಕನ್ನಡಕ ಏರಿಸಿ ನೋಡಿದರು.

‘ಇದ್ಯಾವ ತಳೀಲಾ? ಎಷ್ಟನೇ ಜ್ವರ?’

‘ಜ್ವರ ಗಿರ ಇಲ್ಲ ಕಣವ್ವ, ಸಮುದ್ರದ್ದು ಇದು.’

‘ಎಷ್ಟು ಗಾತ್ರ?’

‘ಕಿರುಬೆರಳ ಉಗುರಷ್ಟು.’

‘ನಮ್ಮವು ಎರಡನೇ ಜ್ವರಕ್ಕೇ ಅಷ್ಟಾಯ್ತವೆ. ಗೂಡು ಕಟ್ತದಾ?’

‘ಇಲ್ಲ.’

‘ಮತ್ತೇನು ತಿಂತದೆ?’

ಮುಳುಗಣ್ಣ ಬಾಯಿ ತೆರೆದು ಹಾಗೇ ಮುಚ್ಚಿದ. ಆ ಚಿತ್ರದ ಆಳ ಗೊತ್ತಿತ್ತು, ನೀರಿನ ಉಷ್ಣಾಂಶ ಗೊತ್ತಿತ್ತು, ಲೆನ್ಸು, ಫ್ಲಾಶು, ಷಟರ್ ವೇಗ ಬಾಯಿಪಾಠ. ಹುಳದ ಊಟ ಗೊತ್ತಿರಲಿಲ್ಲ.

‘ಏನ್ ತಿಂತದೆ ಅಂತ ತಿಳೀದೆ ಹುಳ ಹುಡ್ಕಕ್ಕೆ ಹೋಗಿದ್ದಾ? ಸೊಪ್ಪೆಲ್ಲೋ ಹುಳ ಅಲ್ಲೇ ಕಣ್ಲಾ.’

ಅಂಡಮಾನಿನಲ್ಲಿ ದುಡ್ಡು ತೆಗೆದುಕೊಂಡು ಹುಳ ತೋರಿಸುವ ಗೈಡುಗಳ ಗುಟ್ಟೂ ಇಷ್ಟೇ. ಹಿಪ್ಪುನೇರಳೆ ಬಿಟ್ಟು ರೇಷ್ಮೆಹುಳ ಹೇಗೆ ಬೇರೆ ಸೊಪ್ಪು ಮುಟ್ಟುವುದಿಲ್ಲವೋ ಹಾಗೆ ಎಷ್ಟೋ ನುಡಿಬ್ರಾಂಕುಗಳು ಒಂದೇ ಜಾತಿಯ ಸ್ಪಂಜನ್ನು ನೆಚ್ಚಿಕೊಂಡಿರುತ್ತವೆ. ಗೈಡು ಹುಡುಕುವುದು ಸ್ಪಂಜನ್ನು, ಹುಳ ತಾನಾಗಿ ಸಿಗುತ್ತದೆ. ಎರಡೇ ಸೆಂಟಿಮೀಟರ್ ಉದ್ದದ ಕುಬ್ಜ ಕಡಲ್ಗುದುರೆ ಲೋಕಕ್ಕೆ ತಿಳಿದದ್ದೂ ಹೀಗೆಯೇ: 1969ರಲ್ಲಿ ನ್ಯೂ ಕ್ಯಾಲೆಡೋನಿಯದಲ್ಲಿ ಬಾರ್ಗಿಬಾನ್ ಎಂಬಾತ ಬೀಸಣಿಗೆಯಂಥ ಹವಳವೊಂದನ್ನು ಕಿತ್ತು ತಂದು ನೋಡಿದರೆ ಅದರ ಮೇಲೆ ಅದೇ ಬಣ್ಣದ, ಅದೇ ಗಂಟುಗಳ ಕುದುರೆ ಬಾಲ ಸುತ್ತಿ ಕೂತಿತ್ತು. ಬರಿಗಣ್ಣಿಗೆ ಕಾಣದ್ದನ್ನು ಹಿಗ್ಗಿಸಿ ನೋಡುವ ವಿದ್ಯೆ ರೇಷ್ಮೆಯವರಿಗೂ ಹೊಸದಲ್ಲ. 1865ರಲ್ಲಿ ಲೂಯಿ ಪಾಶ್ಚರ್ ಫ್ರಾನ್ಸಿನ ಹುಳಗಳ ರೋಗ ಹುಡುಕಿ ಹೊರಟು, ಕೊನೆಗೆ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಕ್ರಮ ಹಾಕಿಕೊಟ್ಟ. ನಮ್ಮ ಮೊಟ್ಟೆ ಕೇಂದ್ರಗಳಲ್ಲಿ ಇವತ್ತಿಗೂ ಹಾಗೆ ನೋಡಿಯೇ ಮೊಟ್ಟೆ ಕೊಡುವುದು. ಅವರ್ಯಾರೂ ಇದಕ್ಕೆ ಅಂಡಮಾನಿಗೆ ಹೋಗಿ ಬಂದವರಲ್ಲ.

ಜೂನ್ ಬಂತೆಂದರೆ ಕಡಲು ಕೆರಳಿ ನೇತ್ರಾಣಿಯ ದೋಣಿಗಳೆಲ್ಲ ದಡ ಸೇರುತ್ತವೆ. ಮುಳುಗಣ್ಣನಿಗೆ ಅದು ಸೂತಕದ ಕಾಲ. ಬಕೆಟ್ಟಿಗೆ ನೀರು ತುಂಬಿ ಡಬ್ಬಿ ಮುಳುಗಿಸಿ ಗುಳ್ಳೆ ಬರುತ್ತದೋ ಅಂತ ನೋಡುವುದು, ಓ-ರಿಂಗಿಗೆ ಗ್ರೀಸ್ ಸವರುವುದು, ಇಂಡೋನೇಷ್ಯಾದ ಲೆಂಬೆ ಜಲಸಂಧಿಯ ಕನಸು ಕಾಣುವುದು. ಅಲ್ಲಿ ಹವಳ ಕಡಿಮೆ, ಹೆಚ್ಚಾಗಿ ಕಪ್ಪು ಮರಳಿನ ತಳ. ಆ ಕೊಚ್ಚೆಯಲ್ಲೇ ಲೋಕದ ವಿಚಿತ್ರ ಜೀವಿಗಳೆಲ್ಲ ಸಿಗುತ್ತವೆಯಂತೆ. ಹೋದ ಮಳೆಗಾಲದಲ್ಲಿ ಕೈ ತುರಿಸಿ, ಯಾರಿಗೂ ಹೇಳದೆ, ಅವ್ವನ ಹುಳದ ಮನೆಗೆ ನುಗ್ಗಿದ್ದ. ನಾಲ್ಕನೇ ಜ್ವರಕ್ಕೆ ಕೂತ ಹುಳ ಮೇವು ಬಿಟ್ಟು, ತಲೆ ಎತ್ತಿ, ಅಲುಗಾಡದೆ ಇರುತ್ತದಲ್ಲ, ಮ್ಯಾಕ್ರೊದವನಿಗೆ ಅದಕ್ಕಿಂತ ವಿಧೇಯ ಪ್ರಾಣಿ ಎಲ್ಲಿ ಸಿಗಬೇಕು. ಹಾಲುಬಿಳುಪಿನ ಮೈ, ಪಕ್ಕದಲ್ಲಿ ಉಸಿರಿನ ತೂತುಗಳ ಸಾಲು, ಕಳಚಲು ಕಾದಿರುವ ಹಳೆಯ ಮುಖ. ತನ್ನ ಡೈವಿಂಗ್ ಗೆಳೆಯರಿಗೆಲ್ಲ ಕಳಿಸಿದ. ಮನಿಲಾದವನೊಬ್ಬ ಕೂಡಲೇ ಕೇಳಿದ: ಯಾವ ಸಮುದ್ರ, ಎಷ್ಟು ಆಳ?

ಇವನು ಹೆಮ್ಮೆಯಿಂದ ‘ರಾಮನಗರ, ಸೊನ್ನೆ ಮೀಟರ್’ ಅಂತ ಒತ್ತುತ್ತಿರುವಾಗಲೇ ಅವ್ವ ಬಾಗಿಲಿಗೆ ಬಂದರು. ಕಾಲು ತೊಳೆದಿದ್ದೀಯಾ ಅಂತ ಮೊದಲು ಕೇಳಿದರು. ತೊಳೆದಿರಲಿಲ್ಲ. ಬ್ಲೀಚಿಂಗ್ ಪುಡಿಯ ನೀರಿನ ಬೇಸಿನ್ ಬಾಗಿಲಲ್ಲೇ ಇತ್ತು, ದಾಟಿಕೊಂಡು ಬಂದಿದ್ದ. ಆಮೇಲೆ ಅವರ ಕಣ್ಣು ಫ್ಲಾಶಿನ ಮೇಲೆ ಬಿತ್ತು.

‘ಜ್ವರದಲ್ಲಿರೋ ಹುಳದ ಮಕಕ್ಕೆ ಲೈಟ್ ಬುಡ್ತೀಯೇನ್ಲಾ? ನಡಿ ಆಚೆ!’

ಮುಳುಗಣ್ಣ ಏನೂ ಹೇಳಲಿಲ್ಲ. ಹೆಬ್ಬೆರಳು ಮೇಲೆತ್ತಿ ತೋರಿಸಿ ಹೊರಗೆ ಬಂದ.