ನಮ್ಮ ಬೀದಿಯ ಪ್ರಣಾಲಪಾಲಕರು

ದೇವಾಲಯದಲ್ಲಿ ಗರ್ಭಗುಡಿಯ ಮುಂದೆ ಕೈಮುಗಿದು ನಿಲ್ಲುವವರು ಸಾವಿರ ಮಂದಿಯಾದರೆ, ಪ್ರದಕ್ಷಿಣೆ ಬರುವಾಗ ಉತ್ತರದ ಗೋಡೆಯ ಬಳಿ ಒಂದು ಕ್ಷಣ ತಡೆದು, ಅಭಿಷೇಕದ ನೀರು ಹೊರಹರಿದು ಬರಲೆಂದು ಶಿಲ್ಪಿಯು ಮಕರಮುಖವನ್ನೋ ಗೋಮುಖವನ್ನೋ ಕಡೆದಿರಿಸಿದ ಕಲ್ಲಿನ ತೂಬನ್ನು, ಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಪ್ರಣಾಲವನ್ನು, ಗಮನಿಸುವವರು ಬಲು ವಿರಳ. ನಮ್ಮ ರಾಜಾಜಿನಗರದ ಅಡ್ಡರಸ್ತೆಯ ರಾಯರು ಆ ವಿರಳರಲ್ಲಿ ಒಬ್ಬರು. ಅವರಿಗೆ ದೇವರ ದರ್ಶನ ಎಷ್ಟರಮಟ್ಟಿಗೆ ಆಗಿದೆಯೋ ನಾನರಿಯೆ. ಪ್ರಣಾಲವನ್ನು ಮಾತ್ರ ಬಗ್ಗಿ ನೋಡಿ, ಬೆರಳಾಡಿಸಿ, “ಬಿಲ್ವಪತ್ರೆ ಕಟ್ಟಿಕೊಂಡಿದೆ, ಅರ್ಚಕರಿಗೆ ಹೇಳಬೇಕು” ಎಂದು ತೀರ್ಪಿತ್ತಲ್ಲದೆ ಅವರು ಮುಂದಡಿ ಇಡುವವರಲ್ಲ.

ಊರಿಗೊಬ್ಬ ಕ್ಷೇತ್ರಪಾಲನಿರುವಂತೆ ಬೀದಿಗೊಬ್ಬ ಪ್ರಣಾಲಪಾಲಕನಿರುವನೆಂಬುದು ನನ್ನ ಅನುಭವಸಿದ್ಧವಾದ ನಂಬಿಕೆ. ವಿಜಯನಗರದಲ್ಲಿ ಒಬ್ಬರನ್ನು, ಬಸವೇಶ್ವರನಗರದಲ್ಲಿ ಇಬ್ಬರನ್ನು ಕಂಡು ಬಲ್ಲೆ. ವಯಸ್ಸು ಅರುವತ್ತು ದಾಟಿರಬೇಕು, ಪಿಂಚಣಿ ಬರುತ್ತಿರಬೇಕು, ಮಂಡಿನೋವು ಇರಬೇಕು. ಆದರೆ ಆ ನೋವು ಮದುವೆಮನೆಯ ಮೆಟ್ಟಿಲನ್ನು ಕಂಡಾಗ ಕೆರಳಿ, ತಾರಸಿಗೆ ಒರಗಿಸಿದ ಏಣಿಯನ್ನು ಕಂಡಾಗ ಮಾಯವಾಗುವ ಜಾತಿಯದಾಗಿರಬೇಕು. ನಮ್ಮ ರಾಯರಲ್ಲಿ ಈ ಲಕ್ಷಣಗಳೆಲ್ಲ ಸಂಪೂರ್ಣವಾಗಿದ್ದುದಲ್ಲದೆ ಇನ್ನೊಂದು ವಿಶೇಷವೂ ಇತ್ತು. ಸರ್ಕಾರದ ಯಾವುದೋ ಲೆಕ್ಕಪತ್ರದ ಶಾಖೆಯಲ್ಲಿ 33 ವರ್ಷ ಕುಳಿತು, ತಮ್ಮ ಮೇಜಿನ ಮೇಲೆ ಹಾದುಹೋಗಬೇಕಾದ ಪ್ರತಿಯೊಂದು ಕಡತಕ್ಕೂ ಆಕ್ಷೇಪಣೆಯನ್ನು ಬರೆದು, ಯಾವ ಹಣವೂ ಸರಾಗವಾಗಿ ಹರಿಯದಂತೆ ನೋಡಿಕೊಂಡಿದ್ದ ಈ ಮಹನೀಯರು, ನಿವೃತ್ತರಾದಮೇಲೆ ಪ್ರಾಯಶ್ಚಿತ್ತಾರ್ಥವಾಗಿಯೋ ಎಂಬಂತೆ, ಕಟ್ಟಿಕೊಂಡದ್ದನ್ನು ಬಿಡಿಸುವ ವ್ರತವನ್ನು ಕೈಕೊಂಡಿದ್ದರು.

ಮಾಘ ಫಾಲ್ಗುಣಗಳಲ್ಲಿ ಬೀದಿಯ ಹೊಂಗೆ ಮರಗಳು ಎಲೆಯುದುರಿಸುವಾಗ ನಮಗೆಲ್ಲ ವಸಂತದ ನೆನಪಾದರೆ ರಾಯರಿಗೆ ಪೈಪಿನ ನೆನಪಾಗುತ್ತಿತ್ತು. ಹೊಸ ಮನೆಯ ಗೃಹಪ್ರವೇಶಕ್ಕೆ ಹೋದರೆ, ಉಳಿದ ಅತಿಥಿಗಳು ದೇವರಮನೆಯ ಬಾಗಿಲಿನ ಕೆತ್ತನೆಯನ್ನು ಹೊಗಳುತ್ತಿರುವ ಸಮಯದಲ್ಲಿ, ಇವರು ಅಡಿಗೆಮನೆಯಿಂದ ಒಂದು ಚೆಂಬು ನೀರನ್ನು ಬೇಡಿ ಪಡೆದು ನೇರವಾಗಿ ತಾರಸಿಗೇರಿ, ನಡುಮಧ್ಯದಲ್ಲಿ ಅದನ್ನು ಸುರಿದು, ಆ ನೀರು ಯಾವ ದಿಕ್ಕಿಗೆ ಹರಿಯುವುದೆಂಬುದನ್ನು ಜ್ಯೋತಿಷಿಯು ಗ್ರಹಗತಿಯನ್ನು ನೋಡುವಂತೆ ನೋಡಿ, ಕೆಳಗಿಳಿದು ಬಂದು, ಹೋಳಿಗೆಯ ಎಲೆಯ ಮುಂದೆ ಕುಳಿತ ಮನೆಯ ಯಜಮಾನನ ಕಿವಿಯಲ್ಲಿ, “ವಾಟ ಸಾಲದು ಸ್ವಾಮಿ, ಮೇಸ್ತ್ರಿಯ ಕೊನೇ ಕಂತು ಕೊಟ್ಟಿಲ್ಲ ತಾನೆ?” ಎಂದು ಪಿಸುಗುಟ್ಟುತ್ತಿದ್ದರು. ಯಜಮಾನನ ಗಂಟಲಿನಲ್ಲಿ ಹೋಳಿಗೆ ಕಟ್ಟಿಕೊಳ್ಳುತ್ತಿತ್ತು. ಅದನ್ನು ಬಿಡಿಸುವ ವಿದ್ಯೆ ರಾಯರಿಗೆ ತಿಳಿದಿರಲಿಲ್ಲ.

ಅವರ ವಿದ್ಯೆಯ ಫಲವನ್ನು ನಾನು ಪ್ರತ್ಯಕ್ಷವಾಗಿ ಉಂಡದ್ದು ಒಂದು ಮೇ ತಿಂಗಳ ಸಂಜೆ, ಕೃತ್ತಿಕೆಯ ಮಳೆಯಲ್ಲಿ. ಮಳೆ ಹಿಡಿದು ಅರ್ಧ ಗಂಟೆಯಾಗಿರಬಹುದು; ತಾರಸಿಯ ಬಾಗಿಲಿನ ಅಡಿಯಿಂದ ನುಸುಳಿದ ನೀರು, ಮೆಟ್ಟಿಲಿನಿಂದ ಮೆಟ್ಟಿಲಿಗೆ ಧುಮುಕುತ್ತ, ನಡುಮನೆಯಲ್ಲಿ ಪತ್ರಿಕೆ ಓದುತ್ತಿದ್ದ ನನ್ನ ಪಾದವನ್ನು ಮುಟ್ಟಿತು. “ಏನೂಂದ್ರೆ, ಮಹಡಿ ಮೆಟ್ಟಿಲ ಮೇಲೆ ಜೋಗ ಬಂದಿದೆ” ಎಂದು ಒಳಗಿನಿಂದ ಮನೆಯವಳ ದನಿ ಕೇಳಿಸಿತು. ಓಡಿ ಮೇಲೆ ಹೋಗಿ ನೋಡಿದರೆ ಪ್ಯಾರಪೆಟ್ಟಿನ ನಾಲ್ಕು ಗೋಡೆಗಳ ನಡುವೆ ಒಂದು ಪುಷ್ಕರಿಣಿಯೇ ನಿರ್ಮಾಣವಾಗಿ, ಅದರಲ್ಲಿ ಒಂದು ಚಪ್ಪಲಿಯು ತೆಪ್ಪೋತ್ಸವವನ್ನು ನಡೆಸುತ್ತಿತ್ತು. ನಾನು ಕೈಗೆ ಸಿಕ್ಕ ಕಬ್ಬಿಣದ ಸಲಾಕೆಯನ್ನು ಹಿಡಿದು ಪೈಪಿನ ಬಾಯಿಗೆ ತುರುಕಬೇಕೆನ್ನುವಷ್ಟರಲ್ಲಿ, “ನಿಲ್ಲಿಸಿ!” ಎಂಬ ಗರ್ಜನೆ ಕೇಳಿಸಿತು. ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಕಟ್ಟಿ, ಕಂಕುಳಲ್ಲಿ ಕೊಡೆಯನ್ನೂ ಒಂದು ಕೈಯಲ್ಲಿ ಮೂರು ಸೆಲ್ಲಿನ ಟಾರ್ಚನ್ನೂ ಇನ್ನೊಂದು ಕೈಯಲ್ಲಿ ಬಿದಿರಿನ ಸೀಳನ್ನೂ ಧರಿಸಿ, ರಾಯರು ಬಾಗಿಲಲ್ಲಿ ಪ್ರತ್ಯಕ್ಷರಾಗಿದ್ದರು.

“ಮೇಲಿನಿಂದ ತಿವಿದರೆ ಕಸ ಹೊರಗೆ ಬರೋದಿಲ್ಲ, ಇನ್ನೂ ಕೆಳಕ್ಕೆ ಹೋಗಿ ಬಿಗಿಯಾಗುತ್ತೆ. ಬೆಂಡಿನಲ್ಲಿ ಗಾರೆ ಹಾಕಿದ ಹಾಗೆ ಕೂತುಬಿಡುತ್ತೆ. ಮೊದಲು ಬಾಯಿಯ ಸುತ್ತ ಇರೋದನ್ನ ಕೈಯಲ್ಲಿ ಬಾಚಿ. ಆಮೇಲೆ ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಯಾವುದೇ ತಪಾಸಣೆಯೂ ಹಾಗೇನೇ.”

ಕೆಳಗಿಳಿದು, ಗೋಡೆಯ ಬುಡದಲ್ಲಿ ಪೈಪು ತಿರುಗುವೆಡೆಯಿದ್ದ ಡೋರ್ ಬೆಂಡಿನ ಮುಚ್ಚಳವನ್ನು, ಪಕ್ಕಕ್ಕೆ ಸರಿದು ನಿಂತು, ರಾಯರು ಮೆಲ್ಲಗೆ ತಿರುಚಿದರು. ಎದುರಿಗೆ ನಿಂತಿದ್ದವನು ನಾನು. ಹೀಗೆ ಪಕ್ಕಕ್ಕೆ ಸರಿಯುವುದೂ ಆ ಶಾಸ್ತ್ರದ ಒಂದು ಅಂಗವೆಂಬುದನ್ನು ಅವರು ಮೊದಲೇ ಹೇಳಬಹುದಾಗಿತ್ತು.

ನಾನು ಮುಖ ತೊಳೆದುಕೊಂಡು ಬರುವ ವೇಳೆಗೆ ರಾಯರು ಹೊರಬಿದ್ದ ಕಸವನ್ನೆಲ್ಲ ಒಂದು ಗೋಣಿಯ ಮೇಲೆ ಹರಡಿ, ಉತ್ಖನನಶಾಸ್ತ್ರಜ್ಞನು ಭೂಸ್ತರಗಳನ್ನು ವಿಂಗಡಿಸುವಂತೆ ಬಿದಿರಿನ ತುದಿಯಿಂದ ವಿಂಗಡಿಸುತ್ತಿದ್ದರು. ಎಲ್ಲಕ್ಕಿಂತ ಕೆಳಗಿನ ಪದರದಲ್ಲಿ ಪಟಾಕಿಯ ಕೆಂಪು ಕಾಗದದ ಚೂರುಗಳು: ದೀಪಾವಳಿ. ಅದರ ಮೇಲೆ ಒಂದು ಹಸಿರು ಪ್ಲಾಸ್ಟಿಕ್ ಚೆಂಡು: ಮೊಮ್ಮಗನ ಕ್ರಿಸ್‌ಮಸ್ ರಜೆ. ಅದರ ಮೇಲೆ ಕೊಳೆತು ಕಪ್ಪಾದ ಹೊಂಗೆಯೆಲೆ: ಶಿವರಾತ್ರಿ. ನಡುನಡುವೆ ಪಾರಿವಾಳದ ಗರಿ, ಅದು ಸರ್ವಋತುಸಾಧಾರಣವಾದುದು. ಅದರ ಮೇಲೆ ಅರಳುಸಂಡಿಗೆಯ ಒಂದು ಮುದ್ದೆ: ಯುಗಾದಿಯ ಅನಂತರದ ಬಿಸಿಲು. ತುತ್ತತುದಿಯಲ್ಲಿ, ಇಷ್ಟನ್ನೂ ಅಂಟಿನಂತೆ ಬೆಸೆದು ಮುಚ್ಚಿದ, ಎದುರುಮನೆಯ ಹಳದಿ ಗುಲ್‌ಮೊಹರಿನ ಎಸಳುಗಳು: ವೈಶಾಖ. “ನೋಡಿ, ಎಲೆ ಒಂದೇ ಯಾವತ್ತೂ ಪೈಪು ಕಟ್ಟೋದಿಲ್ಲ. ಎಲೆಯನ್ನ ಗರಿ ಹಿಡಿಯುತ್ತೆ, ಗರಿಯನ್ನ ಮಣ್ಣು ಹಿಡಿಯುತ್ತೆ, ಎಲ್ಲದರ ಮೇಲೆ ಹೂವು ಕೂತು ಮುದ್ರೆ ಒತ್ತುತ್ತೆ. ಇದು ಕಸ ಅಲ್ಲ ಸ್ವಾಮಿ, ನಿಮ್ಮ ಮನೆಯ ವರ್ಷದ ದಿನಚರಿ” ಎಂದರು. ಏಳು ತಿಂಗಳಿನಿಂದ ನಾನು ತಾರಸಿಯನ್ನು ಗುಡಿಸಿಲ್ಲವೆಂಬುದಕ್ಕೆ ಇದಕ್ಕಿಂತ ದೃಢವಾದ ದಾಖಲೆಯನ್ನು ಯಾವ ಲೆಕ್ಕಪರಿಶೋಧಕನೂ ಒದಗಿಸಲಾರ.

ಆ ರಾತ್ರಿ ಕಾಫಿಯ ಜೊತೆಗೆ ಲೆಕ್ಕವೂ ನಡೆಯಿತು. ಸಾವಿರ ಚದರಡಿಯ ತಾರಸಿಯ ಮೇಲೆ 4 ಅಂಗುಲ ನೀರು ನಿಂತರೆ ಅದರ ತೂಕ 9 ಟನ್ನಿಗೂ ಮಿಗಿಲು. ಎಂದರೆ ಮೈಸೂರು ದಸರೆಯ ಎರಡು ಆನೆಗಳನ್ನು ನಾನು ನಡುಮನೆಯ ನೆತ್ತಿಯ ಮೇಲೆ ಕಟ್ಟಿಕೊಂಡು ಪತ್ರಿಕೆ ಓದುತ್ತಿದ್ದೆನೆಂದಾಯಿತು. ಮರುದಿನವೇ ರಾಯರ ಮೇಲ್ವಿಚಾರಣೆಯಲ್ಲಿ ಸುಧಾರಣೆಗಳು ಜಾರಿಗೆ ಬಂದವು. ಒಂದೇ ಎಲೆ ಅಡ್ಡ ಮಲಗಿದರೂ ಮುಚ್ಚಿಹೋಗುವ ಚಪ್ಪಟೆ ಜಾಲರಿಯನ್ನು ಕಿತ್ತು, ಗುಮ್ಮಟದ ಆಕಾರದ ಜಾಲರಿಯನ್ನಿರಿಸಿದ್ದಾಯಿತು. ಪೈಪು ಕಟ್ಟಿಕೊಂಡರೂ ನೀರು ಹೊರಬೀಳಲೆಂದು, ಬಾಗಿಲಿನ ಹೊಸ್ತಿಲಿಗಿಂತ ತಗ್ಗಿನಲ್ಲಿ, ಪ್ಯಾರಪೆಟ್ಟಿಗೆ ಒಂದು ತೂತು ಕೊರೆದದ್ದಾಯಿತು. ಹಿಂದೆ ಯಾವ ಪುಣ್ಯಾತ್ಮನೋ ಮಳೆನೀರಿನ ಪೈಪನ್ನು ಒಳಚರಂಡಿಗೆ ಸೇರಿಸಿಬಿಟ್ಟಿದ್ದ; ಜೋರು ಮಳೆಯಲ್ಲಿ ಬೀದಿಯ ಮ್ಯಾನ್‌ಹೋಲು ಉಕ್ಕುವುದಕ್ಕೆ ಇಂಥ ಪುಣ್ಯಾತ್ಮರೇ ಕಾರಣರೆಂದು ರಾಯರು ಶಪಿಸಿ, ಅದನ್ನು ಬೇರ್ಪಡಿಸಿದರು.

ಇಷ್ಟಕ್ಕೇ ಬಿಟ್ಟರೆ ಅವರು ರಾಯರೆ? 2009ರಲ್ಲಿ ಜಲಮಂಡಳಿಯ ಕಾಯಿದೆಗೆ ತಿದ್ದುಪಡಿಯಾಗಿ, 30x40ರ ಹೊಸ ಮನೆಗಳಿಗೂ 40x60ರ ಹಳೆಯ ಮನೆಗಳಿಗೂ ಮಳೆನೀರಿನ ಕೊಯ್ಲು ಕಡ್ಡಾಯವಾದಾಗ, 30x40ರ ಹಳೆಯ ಮನೆಯವನಾದ ನಾನು ಕಾನೂನಿನ ಕೈಯಿಂದ ಜಾರಿಕೊಂಡಿದ್ದೆ. ರಾಯರ ಕೈಯಿಂದ ಜಾರಲಾಗಲಿಲ್ಲ. ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿಲಿಮೀಟರೆಂದೂ, ಆ ಲೆಕ್ಕದಲ್ಲಿ ನನ್ನ ತಾರಸಿಯ ಮೇಲೆ ವರ್ಷಕ್ಕೆ 90,000 ಲೀಟರು ಬೀಳುವುದೆಂದೂ ಗುಣಿಸಿ ತೋರಿಸಿ, ವಿಜಯನಗರದ ಕಡೆಗೆ ಕೈಚಾಚಿ, ಅಲ್ಲಿ ವಿಜ್ಞಾನಿ ಎ. ಆರ್. ಶಿವಕುಮಾರ್ ಅವರು 1995ರಲ್ಲಿ ಕಟ್ಟಿಸಿಕೊಂಡ ‘ಸೌರಭ’ವೆಂಬ ಮನೆಯು ಕಾವೇರಿಯ ನಲ್ಲಿಯನ್ನೇ ಬೇಡದೆ ಮಳೆನೀರಿನಿಂದಲೇ ಬಾಳಿದ ಕಥೆಯನ್ನು ಪುಣ್ಯಕ್ಷೇತ್ರದ ಮಹಾತ್ಮ್ಯದಂತೆ ಬಣ್ಣಿಸಿದರು. ಆ ವಿಜ್ಞಾನಿಗಳು ರೂಪಿಸಿದ ‘ಪಾಪ್‌ಅಪ್’ ಶೋಧಕವು ಕಸ ಕಟ್ಟಿಕೊಂಡೊಡನೆ ತಾನೇ ಮೇಲಕ್ಕೆ ಚಿಮ್ಮಿ, ‘ನನ್ನನ್ನು ತೊಳೆ’ ಎಂದು ಸೂಚಿಸುವುದಂತೆ. ಅದನ್ನು ಕೇಳಿದಾಗ ನನಗೆ ಹೊಳೆದ ಮಾತನ್ನು ಹೇಳಲಿಲ್ಲ: ನಮ್ಮ ಬೀದಿಗೆ ಅಂಥ ಯಂತ್ರವೊಂದು ಆಗಲೇ ದಯಪಾಲಿಸಲ್ಪಟ್ಟು, ಎದುರಿನ ಕುರ್ಚಿಯಲ್ಲಿ ಎರಡನೆಯ ಲೋಟ ಕಾಫಿಯನ್ನು ಕುಡಿಯುತ್ತಿತ್ತು.

ಕಳೆದ ವರ್ಷ ರಾಯರು ಮಗನ ಒತ್ತಾಯಕ್ಕೆ ಮಣಿದು ಕೆಂಗೇರಿಯ ಕಡೆಯ ಬಹುಮಹಡಿಯ ಕಟ್ಟಡವೊಂದರ ಒಂಬತ್ತನೆಯ ಅಂತಸ್ತಿಗೆ ವಾಸವನ್ನು ಬದಲಿಸಿದರು. ತಾರಸಿಯ ಬಾಗಿಲಿಗೆ ಅಲ್ಲಿ ಬೀಗ; ಬೀಗದ ಕೈ ಸಂಘದ ಕಚೇರಿಯಲ್ಲಿ; ಹಿರಿಯ ನಾಗರಿಕರಿಗೆ ಏಣಿ ನಿಷಿದ್ಧ. ನೋಡಲು ಹೋದ ನನ್ನನ್ನು ಬಾಲ್ಕನಿಗೆ ಕರೆದೊಯ್ದು, ದೂರದಲ್ಲಿ ಕರ್ರಗೆ ಮಲಗಿದ್ದ ವೃಷಭಾವತಿಯನ್ನು ತೋರಿಸಿ ಅವರು ನಿಟ್ಟುಸಿರಿಟ್ಟರು. “ನಮ್ಮ ರಾಜಾಜಿನಗರದ ತಾರಸಿ ನೀರೆಲ್ಲ ಇಲ್ಲಿಗೇ ಬರೋದು. ಇಲ್ಲಿಂದ ಅರ್ಕಾವತಿ, ಸಂಗಮದಲ್ಲಿ ಕಾವೇರಿ. ಆದರೆ ನಾವು ಕುಡಿಯೋ ನೀರನ್ನ ಎತ್ತೋದು ಸಂಗಮಕ್ಕಿಂತ ಮೇಲೆ, ಶಿವನಸಮುದ್ರದ ಹತ್ತಿರ! ಕೊಟ್ಟದ್ದು ಒಂದು ಖಾತೆಗೆ, ತಂದದ್ದು ಇನ್ನೊಂದು ಖಾತೆಯಿಂದ. ಎಂಥ ಲೆಕ್ಕ ಸ್ವಾಮಿ ಇದು?” ಆ ಆಕ್ಷೇಪಣೆಗೆ ಉತ್ತರ ಬರೆಯುವ ಅಧಿಕಾರಿ ಯಾರೂ ಇರಲಿಲ್ಲ. ಬಿದಿರಿನ ಸೀಳು ಬಾಲ್ಕನಿಯ ಮೂಲೆಯಲ್ಲಿ ಒಣಬಟ್ಟೆಯನ್ನು ಹೊತ್ತು ನಿಂತಿತ್ತು.

ಮೊನ್ನೆ ಭರಣಿಯ ಮೊದಲ ಮಳೆ. ಅದು ಹಿಡಿದು ಒಂದು ಗಂಟೆಯಾದಮೇಲೆ ಫೋನು ಬಂದಿತು.

“ಈಗ ತಾನೇ ನೀರು ಬಂತು ಕಣ್ರೀ, ನೊರೆ ಎದ್ದು, ದಡ ಮುಟ್ಟಿಕೊಂಡು. ರಾಜಾಜಿನಗರದ್ದು ಪೂರಾ ಬಂದಿದೆ. ನಿಮ್ಮ ಮನೇದು ಮಾತ್ರ ಬಂದ ಹಾಗೆ ಕಾಣಲಿಲ್ಲ. ಸ್ವಲ್ಪ ಮೇಲೆ ಹತ್ತಿ ನೋಡ್ತೀರಾ?”

ನಾನು ಗಟ್ಟಿಯಾಗಿ ನಕ್ಕೆ. ನಕ್ಕು, ಫೋನನ್ನು ಕೆಳಗಿಟ್ಟು, ನಗುತ್ತಲೇ ಟಾರ್ಚು ಹಿಡಿದು ತಾರಸಿಗೆ ಹೋದೆ. ಗುಮ್ಮಟದ ಜಾಲರಿಗೆ ಹಳದಿ ಎಸಳಿನ ಪೇಟ ಸುತ್ತಿಕೊಂಡಿತ್ತು. ನೀರು ಆಗಲೇ ಕಾಲ್ಬೆರಳನ್ನು ಮುಳುಗಿಸಿತ್ತು.