ಅಟ್ಟಶಾಸ್ತ್ರ ಪ್ರವೇಶಿಕೆ

ಶಾಸ್ತ್ರವೆಂದಮೇಲೆ ಅನುಬಂಧ ಚತುಷ್ಟಯ ಹೇಳದೆ ಮುಂದೆ ಹೋಗುವಂತಿಲ್ಲ. ವಿಷಯ: ಮನೆಯ ಅಟ್ಟ, ಅದರ ಮೇಲಿನ ಸಾಮಾನು, ಅದರ ಕೆಳಗಿನ ಇಂಧನ. ಪ್ರಯೋಜನ: ಮೂರು ದಿನ ಮಳೆ ಹಿಡಿದು, ಮರ ಬಿದ್ದು, ಕರೆಂಟು ಹೋಗಿ, ಗ್ಯಾಸಿನ ಗಾಡಿ ಬಾರದಿದ್ದಾಗಲೂ ಬೆಳಗಿನ ಕಾಫಿ ತಪ್ಪದಿರುವುದು. ಸಂಬಂಧ: ಸಾಮಾನು ಇಟ್ಟ ಜಾಗಕ್ಕೂ ಅದು ಬೇಕಾಗುವ ಕಾಲಕ್ಕೂ ಯಾವ ಸಂಬಂಧವೂ ಇಲ್ಲದಿರುವುದೇ ಇಲ್ಲಿನ ಸಂಬಂಧ. ಇನ್ನು ಅಧಿಕಾರಿ, ಅಂದರೆ ಈ ಶಾಸ್ತ್ರ ಓದಲು ಅರ್ಹನಾದವನು: ಕೆಟ್ಟುಹೋದ ಒಂದು ಮಿಕ್ಸಿಯನ್ನಾದರೂ ‘ರಿಪೇರಿ ಮಾಡಿಸಿದರೆ ಆಯ್ತು’ ಎಂದು ಎತ್ತಿಟ್ಟಿರುವ ಗೃಹಸ್ಥ. ಬ್ರಹ್ಮಚಾರಿಗಳಿಗೆ ಅಧಿಕಾರವಿಲ್ಲ. ಬಾಡಿಗೆ ಮನೆ ಬದಲಿಸುವಾಗ ಅವರು ಎಲ್ಲವನ್ನೂ ಅಲ್ಲೇ ಬಿಟ್ಟು ಹೋಗುವುದರಿಂದ ಅವರಿಗೆ ಸೀದಾ ಮೋಕ್ಷವೇ ಸಿಗುತ್ತದೆ.

ದೇಶಕಾಲವೂ ಗೊತ್ತಾಗಬೇಕು. ದೇಶ ಮಲೆನಾಡು, ತೀರ್ಥಹಳ್ಳಿ, ಕೊಪ್ಪ, ಶೃಂಗೇರಿಯ ಸುತ್ತಮುತ್ತ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆ ಇಲ್ಲೇ ಇರುವುದರಿಂದ ಪ್ರಯೋಗಶಾಲೆ ಹುಡುಕಿಕೊಂಡು ಬೇರೆಡೆ ಹೋಗಬೇಕಿಲ್ಲ. ಕಾಲ ರೋಹಿಣಿ ಮಳೆಯಿಂದ ಆಶ್ಲೇಷದವರೆಗೆ. ಬೆಂಗಳೂರಿನ ಸಜ್ಜಾವಾಸಿಗಳಿಗೂ ಕೆಲವು ಸೂತ್ರ ಅನ್ವಯಿಸುತ್ತವೆ. ತಮ್ಮ ಸಜ್ಜಾ ಹಿಡಿಯುವಷ್ಟನ್ನು ಅವರು ತೆಗೆದುಕೊಳ್ಳಬಹುದು.

ಈ ಶಾಸ್ತ್ರದ ಆದ್ಯ ಆಚಾರ್ಯ ಕೌಟಿಲ್ಯ. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು ತಾಳೆಗರಿಯಿಂದ ಎತ್ತಿ 1909ರಲ್ಲಿ ಅಚ್ಚು ಹಾಕಿಸಿದ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ, ಕೋಟೆಯೊಳಗೆ ಏನೇನು ಕೂಡಿಡಬೇಕೆಂಬ ಪಟ್ಟಿಯಿದೆ. ಎಣ್ಣೆ, ಧಾನ್ಯ, ಉಪ್ಪು, ಔಷಧ, ಹುಲ್ಲು, ಸೌದೆ, ಇದ್ದಿಲು ಎಂದು ಅದು ಬೆಳೆಯುತ್ತ ಹೋಗುತ್ತದೆ. ಎಲ್ಲವೂ ಹಲವು ವರ್ಷಕ್ಕೆ ಸಾಲುವಷ್ಟಿರಬೇಕು ಎಂಬುದು ವಿಧಿಯ ಪೂರ್ವಾರ್ಧ. ಹಳತನ್ನು ತೆಗೆದು ಹೊಸದನ್ನು ತುಂಬುತ್ತಿರಬೇಕು ಎಂಬುದು ಉತ್ತರಾರ್ಧ. ನಮ್ಮ ಮನೆಗಳಲ್ಲಿ ಪೂರ್ವಾರ್ಧವನ್ನು ಚಾಚೂ ತಪ್ಪದೆ ಪಾಲಿಸಲಾಗುತ್ತಿದೆ. ಉತ್ತರಾರ್ಧವನ್ನು ಹುಳು ತಿಂದ ಗರಿಯೆಂದು ಭಾವಿಸಿ ಕೈಬಿಡಲಾಗಿದೆ. ಅಟ್ಟಶಾಸ್ತ್ರದ ಸಕಲ ಸಮಸ್ಯೆಗಳೂ ಹುಟ್ಟುವುದು ಇಲ್ಲಿಂದಲೇ.

ಇಲ್ಲಿ ಎರಡು ಪಂಥಗಳಿವೆ. ‘ಇರಲಿ, ಯಾವತ್ತಾದರೂ ಬೇಕಾಗುತ್ತೆ’ ಎನ್ನುವವರು ಇರಲಿವಾದಿಗಳು. ‘ಮೊದಲು ಇದನ್ನ ಬಿಸಾಡಿ’ ಎನ್ನುವವರು ಬಿಸಾಡುವಾದಿಗಳು. ಅರ್ಥಶಾಸ್ತ್ರದ ತಾಳೆಗರಿ ಕಟ್ಟು ಉಳಿದದ್ದೇ ಯಾರೋ ‘ಇರಲಿ’ ಅಂದಿದ್ದರಿಂದ ಎಂಬುದು ಮೊದಲನೆಯವರ ಪ್ರಬಲ ವಾದ. ಇದಕ್ಕೆ ಎರಡನೆಯವರಲ್ಲಿ ಉತ್ತರವಿಲ್ಲ. ಆದರೆ ಅವರ ಕೈಯಲ್ಲಿ ಪೊರಕೆ ಇದೆ. ಪ್ರಸ್ತುತ ಲೇಖಕ ಇರಲಿವಾದಿ. ಮನೆಯಲ್ಲಿ ಬಹುಮತವಿಲ್ಲ.

ಮೊದಲು ಸೌದೆಯ ವಿಚಾರ. ಹೊಗೆ ಕಂಡಲ್ಲಿ ಬೆಂಕಿಯಿದೆಯೆಂದು ಊಹಿಸಬಹುದು, ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆಯೆಂದು ಹೇಳಲಾಗದು ಎನ್ನುತ್ತಾರೆ ತಾರ್ಕಿಕರು. ಏಕೆಂದರೆ ಬೆಂಕಿಗೆ ಹೊಗೆ ಹತ್ತುವುದು ಹಸಿ ಸೌದೆ ಸೇರಿದಾಗ ಮಾತ್ರ. ಆರ್ದ್ರೇಂಧನ ಸಂಯೋಗವೇ ಅಲ್ಲಿ ಉಪಾಧಿ ಎಂದು ಅನ್ನಂಭಟ್ಟನ ತರ್ಕಸಂಗ್ರಹ ಓದಿದ ಯಾವ ವಿದ್ಯಾರ್ಥಿಯೂ ಹೇಳಿಯಾನು. ಉದಾಹರಣೆಗೆ ಲೋಕದಲ್ಲಿ ಬೇರೇನೂ ಸಿಗದೆ ಹಸಿ ಸೌದೆಯೇ ಸಿಕ್ಕಿತೆಂದರೆ, ತಾರ್ಕಿಕರ ಮನೆಯಲ್ಲೂ ಸೌದೆ ಸಕಾಲಕ್ಕೆ ಒಳಗೆ ಬಂದಿರಲಿಲ್ಲವೆಂದು ಸಿದ್ಧವಾಯಿತು. ಪಂಡಿತರು ವ್ಯಾಪ್ತಿ ಚರ್ಚಿಸುತ್ತ ಜಗುಲಿಯಲ್ಲಿ ಕೂತಿದ್ದರು; ಒಳಗೆ ಊದುಕೊಳವೆ ಹಿಡಿದು ಕಣ್ಣೊರೆಸಿಕೊಳ್ಳುತ್ತಿದ್ದವರ ಮತವನ್ನು ಯಾವ ಭಾಷ್ಯಕಾರನೂ ದಾಖಲಿಸಿಲ್ಲ.

ಆಗ ತಾನೇ ಕಡಿದ ಮರದ ತೂಕದಲ್ಲಿ ಸುಮಾರು ಅರ್ಧದಷ್ಟು ನೀರೇ ಇರುತ್ತದೆ. ಸೀಳಿ, ಗಾಳಿ ಬಿಸಿಲಿಗೆ ಹಾಕಿದರೆ ಅದು ಶೇಕಡಾ 20ರ ಆಸುಪಾಸಿಗೆ ಇಳಿಯುತ್ತದೆ. ಇಳಿಯದಿದ್ದರೆ ಒಲೆಯ ಶಾಖವೆಲ್ಲ ಮೊದಲು ಸೌದೆಯ ನೀರು ಕಾಯಿಸಲು ಹೋಗುತ್ತದೆ, ಹಂಡೆಯ ನೀರಿಗೆ ಉಳಿದದ್ದು. ತೊಗಟೆ ನೀರನ್ನು ಹಿಡಿದಿಡುವುದರಿಂದ ದುಂಡನೆಯ ಕುಂಟೆಗಿಂತ ಸೀಳಿದ್ದು ಬೇಗ ಒಣಗುತ್ತದೆ. ಆದ್ದರಿಂದ ರೋಹಿಣಿ ಮಳೆಗೆ ಮುಂಚೆ, ಅಡಿಗೆ ಎರಡು ಅಡ್ಡ ದಿಮ್ಮಿ ಕೊಟ್ಟು, ಗೋಡೆಗೆ ತಾಗದಂತೆ ಒಟ್ಟಬೇಕು ಎಂಬುದು ಎಲ್ಲರಿಗೂ ಗೊತ್ತಿರುವ ಸೂತ್ರ. ಗೊತ್ತಿಲ್ಲದ ಸೂತ್ರ ಬೇರೆಯಿದೆ. ಈ ವರ್ಷದ ಸೌದೆಯನ್ನು ಹೋದ ವರ್ಷದ್ದರ ಮುಂದೆ ಒಟ್ಟುತ್ತೇವೆ, ಮುಂದಿನದ್ದನ್ನೇ ಉರಿಸುತ್ತೇವೆ. ಹಿಂದಿನ ಸಾಲು ವರ್ಷದಿಂದ ವರ್ಷಕ್ಕೆ ಹಿರಿತನ ಗಳಿಸುತ್ತ ಹೋಗಿ, ಕೊನೆಗೊಂದು ದಿನ ಮುಟ್ಟಿದರೆ ಪುಡಿಯಾಗುತ್ತದೆ. ಗೆದ್ದಲು ಕೌಟಿಲ್ಯನ ಉತ್ತರಾರ್ಧವನ್ನು ಓದಿಕೊಂಡಿದೆ. ಹಳತನ್ನು ಮೊದಲು ಮುಗಿಸುತ್ತದೆ.

ಈಗ ಅಟ್ಟ ಹತ್ತೋಣ. ಅಲ್ಲಿ ಎದುರಾಗುವುದು ಗೋಣಿಚೀಲ ಹೊದ್ದು ಕೂತ ಗ್ಯಾಸ್‌ಲೈಟು ಮತ್ತು ಪಂಪ್ ಸ್ಟೌ. ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ ಎಂಬಾತ 1892ರಲ್ಲಿ ಮಾಡಿದ ಪ್ರೈಮಸ್ ಈ ಸ್ಟೌವಿನ ಮೂಲಪುರುಷ. ಬತ್ತಿಯಿಲ್ಲ, ಗಾಳಿಯ ಒತ್ತಡಕ್ಕೆ ಸೀಮೆಎಣ್ಣೆ ಮೇಲೇರಿ, ಕಾದ ಕೊಳವೆಯಲ್ಲಿ ಆವಿಯಾಗಿ, ಸಣ್ಣದೊಂದು ತೂತಿನಿಂದ ಹೊರಬಂದು ಭೋರೆಂದು ಉರಿಯುತ್ತದೆ. ಈ ಶಾಸ್ತ್ರದ ಬ್ರಹ್ಮರಂಧ್ರ ಆ ತೂತೇ. ಅದು ಕಟ್ಟಿಕೊಂಡರೆ ಬಿಡಿಸಲು ಪಿನ್ನು ಬೇಕು: ತಗಡಿನ ಪಟ್ಟಿಯ ತುದಿಗೆ ಸಿಕ್ಕಿಸಿದ ಒಂದು ತುಂಡು ಸಣ್ಣ ತಂತಿ. ಹಿತ್ತಾಳೆಯ ಸ್ಟೌ ನಾಲ್ಕು ತಲೆಮಾರು ಬಾಳುತ್ತದೆ. ಪಿನ್ನು ನಾಲ್ಕು ದಿನ ಒಂದೇ ಜಾಗದಲ್ಲಿ ಇರುವುದಿಲ್ಲ.

ವೈಶೇಷಿಕರ ಏಳು ಪದಾರ್ಥಗಳಲ್ಲಿ ಅಭಾವ ಕೊನೆಯದು. ಅಟ್ಟಶಾಸ್ತ್ರದಲ್ಲಿ ಅದೇ ಮೊದಲನೆಯದು. ಅವರು ಹೇಳಿದ ನಾಲ್ಕು ಬಗೆಯ ಅಭಾವಗಳೂ ಈ ಒಂದು ಪಿನ್ನಿನಲ್ಲಿ ಪೂರ್ಣವಾಗಿ ಸಿಗುತ್ತವೆ. ‘ಪೇಟೆಗೆ ಹೋದಾಗ ತರಬೇಕು’ ಎಂದುಕೊಂಡು ತರದಿದ್ದ ಕಾಲದ್ದು ಪ್ರಾಗಭಾವ. ತಂದು, ಒತ್ತಿ ಚುಚ್ಚಿ, ತಂತಿ ತೂತಿನೊಳಗೇ ಮುರಿದು ಉಳಿದದ್ದು ಪ್ರಧ್ವಂಸಾಭಾವ. ಡಬ್ಬಿಯಲ್ಲಿ ತಡಕಾಡಿ ‘ಸಿಕ್ತು’ ಎಂದು ಎತ್ತಿದರೆ ಅದು ಹೊಲಿಗೆ ಸೂಜಿಯಾಗಿದ್ದರೆ, ಸೂಜಿ ಪಿನ್ನಲ್ಲ, ಪಿನ್ನು ಸೂಜಿಯಲ್ಲವಾದ್ದರಿಂದ ಅನ್ಯೋನ್ಯಾಭಾವ. ಅಂಗಡಿಯಾತ ‘ಸ್ಟೌ ಪಿನ್ನಾ? ಈಗ ಯಾರು ತಗೋತಾರೆ ಸ್ವಾಮಿ!’ ಎಂದು ನಕ್ಕ ದಿನ ಅತ್ಯಂತಾಭಾವ ಸಾಕ್ಷಾತ್ಕಾರವಾಗುತ್ತದೆ. ವಾಷರ್‌ದು ಇಷ್ಟು ಗಹನವಲ್ಲ. ತೊಗಲಿನ ವಾಷರ್ ಒಣಗಿ ಕುಗ್ಗಿದರೆ ಪಂಪ್ ಸುಮ್ಮನೆ ಹೋಗಿ ಬರುತ್ತದೆ. ನಾಲ್ಕು ಹನಿ ಎಣ್ಣೆ ಬಿಟ್ಟು ಬೆರಳಲ್ಲಿ ತೀಡಿದರೆ ಮತ್ತೆ ಅರಳಿಕೊಳ್ಳುತ್ತದೆ. ಆದರೆ ಇದನ್ನು ವರ್ಷಕ್ಕೊಮ್ಮೆ ಮಾಡಿದವರನ್ನು ಲೇಖಕ ಕಂಡಿಲ್ಲ.

ಗ್ಯಾಸ್‌ಲೈಟಿನ ಮ್ಯಾಂಟಲ್ ಇನ್ನೂ ಸೂಕ್ಷ್ಮ ವಸ್ತು. 1880ರ ದಶಕದಲ್ಲಿ ಇದನ್ನು ಕಂಡುಹಿಡಿದ ಆಸ್ಟ್ರಿಯದ ಕಾರ್ಲ್ ಆವರ್ ಕೊನೆಗೆ ಹದ ಕಂಡದ್ದು 99 ಪಾಲು ಥೋರಿಯಂ, 1 ಪಾಲು ಸೀರಿಯಂ ಎಂಬ ಲೆಕ್ಕದಲ್ಲಿ. ಅಂಗಡಿಯಿಂದ ತಂದಾಗ ಅದು ಮಡಚಿದ ಪುಟ್ಟ ಬಟ್ಟೆಯ ಚೀಲ. ಹಿಂಡಿ, ಹಿಸುಕಿ, ಕಿಸೆಯಲ್ಲಿಟ್ಟರೂ ಏನೂ ಆಗದು. ಕಟ್ಟಿ ಒಮ್ಮೆ ಹೊತ್ತಿಸಿದರೆ ಬಟ್ಟೆ ಸುಟ್ಟು, ಆಕ್ಸೈಡಿನ ಬಿಳಿ ಬಲೆ ಮಾತ್ರ ಉಳಿಯುತ್ತದೆ. ಬೆಳಕು ಕೊಡುವುದು ಆ ಬಲೆಯೇ. ಬೆರಳು ತಾಗಿದರೆ ಉದುರುತ್ತದೆ, ದೀಪ ಹೊತ್ತು ಏಣಿ ಹತ್ತಿದರೆ ಉದುರುತ್ತದೆ, ‘ನಿಧಾನ ಕಣೋ’ ಎಂದು ಕೂಗಿದರೂ ಉದುರುತ್ತದೆ. ಇದರಿಂದ ಸಿದ್ಧವಾಗುವ ನಿಯಮ: ಉರಿದ ಮ್ಯಾಂಟಲ್ಲನ್ನು ದಾಸ್ತಾನು ಮಾಡಲಾಗದು, ಉರಿಯದ್ದನ್ನು ಮಾತ್ರ ಮಾಡಬಹುದು. ನಾವು ಮಾಡುವುದು ತದ್ವಿರುದ್ಧ. ದೀಪವನ್ನು ಹಳೆ ಮ್ಯಾಂಟಲ್ ಸಮೇತ ಜೋಪಾನವಾಗಿ ಮೇಲಿಟ್ಟು, ಹೊಸ ಪೊಟ್ಟಣವನ್ನು ಎಲ್ಲಿಟ್ಟೆವೆಂದು ಮರೆಯುತ್ತೇವೆ.

ಟಾರ್ಚಿನ ಪ್ರಕರಣವನ್ನು ಸಂವಾದರೂಪದಲ್ಲಿ ಹೇಳುವುದು ಸಂಪ್ರದಾಯ.

‘ರೀ, ಟಾರ್ಚ್ ಎಲ್ಲಿದೆ?’

‘ಇಟ್ಟಲ್ಲೇ ಇದೆ ಕಣೇ.’

‘ಇಟ್ಟಿದ್ದೆಲ್ಲಿ?’

‘ಅದನ್ನ ನೋಡೋಕೆ ಟಾರ್ಚ್ ಬೇಕಲ್ಲ.’

ಒಂದು ವಸ್ತುವಿನ ಸಿದ್ಧಿಗೆ ಅದೇ ವಸ್ತು ಬೇಕಾದರೆ ಆತ್ಮಾಶ್ರಯ ದೋಷ. ಮೇಣದಬತ್ತಿ ಹುಡುಕಲು ಬೆಂಕಿಪೊಟ್ಟಣ, ಬೆಂಕಿಪೊಟ್ಟಣ ಹುಡುಕಲು ಮೇಣದಬತ್ತಿ ಎಂದಾದರೆ ಅನ್ಯೋನ್ಯಾಶ್ರಯ. ನಡುವೆ ಮೊಬೈಲ್ ಬಂದು, ಅದರ ಚಾರ್ಜೂ ಇಳಿದಿದ್ದರೆ ಚಕ್ರಕ. ಹೇಗೋ ಟಾರ್ಚ್ ಸಿಕ್ಕಿತೆನ್ನಿ, ಗುಂಡಿ ಒತ್ತಿದರೆ ಹತ್ತುವುದಿಲ್ಲ. ತಿರುಪು ಬಿಚ್ಚಿ ನೋಡಿದರೆ ಸೆಲ್ಲಿನ ತಳ ಒಡೆದು, ಸ್ಪ್ರಿಂಗಿಗೆಲ್ಲ ಬಿಳಿ ಪುಡಿ ಮೆತ್ತಿಕೊಂಡಿರುತ್ತದೆ. ಮಾಮೂಲಿ ಸೆಲ್ಲಿನ ಹೊರಗಿನ ಸತುವಿನ ಡಬ್ಬಿಯೇ ಅದರ ಇಂಧನ. ಅದು ತನ್ನನ್ನು ತಾನೇ ತಿಂದುಕೊಂಡು ವಿದ್ಯುತ್ ಕೊಡುತ್ತದೆ. ಸುಮ್ಮನಿಟ್ಟರೂ ತಿನ್ನುವುದನ್ನು ಬಿಡುವುದಿಲ್ಲ. ಸೆಲ್ ತೆಗೆದು ಪಕ್ಕದಲ್ಲಿಡಿ ಎಂದರೆ, ‘ಹೊತ್ತಿಗೆ ಸಿಗದಿದ್ದರೆ?’ ಎಂದು ಒಳಗೇ ಇಡುತ್ತಾರೆ. ಈ ದೂರದೃಷ್ಟಿಯೇ ಟಾರ್ಚನ್ನು ಕೊಂದದ್ದು.

ಗ್ಯಾಸಿನ ವಿಷಯದಲ್ಲಿ ಮತಭೇದ ಹೆಚ್ಚು. ಒಂದೇ ಸಿಲಿಂಡರ್ ಇರುವವರು ಅದ್ವೈತಿಗಳು, ಎರಡಿರುವವರು ದ್ವೈತಿಗಳು. ದ್ವೈತಿಗೆ ಭಯವಿಲ್ಲವೆಂಬುದು ಲೋಕರೂಢಿ. ಆದರೆ ಮೊದಲನೆಯದು ಮುಗಿದ ದಿನ ಎರಡನೆಯದನ್ನು ಹಚ್ಚಿ ನಿಶ್ಚಿಂತೆಯಿಂದ ಬುಕ್ ಮಾಡಲು ಮರೆಯುವ ದ್ವೈತಿ, ಅಂದಿನಿಂದಲೇ ಅದ್ವೈತಿ. ಅವನಿಗೆ ಇದು ತಿಳಿಯುವುದು ಹಬ್ಬದ ದಿನ, ಒಬ್ಬಟ್ಟು ಬೇಯುವಾಗ.

ಒಳಗೆ ಎಷ್ಟು ಉಳಿದಿದೆ ಎಂಬುದಕ್ಕೆ ನಾಲ್ಕು ಪ್ರಮಾಣಗಳು. ಪ್ರತ್ಯಕ್ಷಕ್ಕೆ ಉಕ್ಕಿನ ಗೋಡೆ ಅಡ್ಡ. ಅನುಮಾನ: ಒದ್ದೆ ಬಟ್ಟೆಯಿಂದ ಮೈ ಒರೆಸಿದರೆ ಖಾಲಿ ಭಾಗ ಬೇಗ ಆರುತ್ತದೆ, ದ್ರವವಿರುವ ಭಾಗ ತಡವಾಗಿ ಆರುತ್ತದೆ. ಉಪಮಾನ: ‘ಪಕ್ಕದ ಮನೆಯವರದ್ದು ಒಂದೂವರೆ ತಿಂಗಳು ಬರುತ್ತಂತೆ, ನಮ್ಮದೂ ಅಷ್ಟೇ.’ ಶಬ್ದಪ್ರಮಾಣ: ‘ಇನ್ನೂ ನಾಲ್ಕು ದಿನ ಬರುತ್ತೆ ಬಿಡು’ ಎಂಬ ಅಮ್ಮನ ಮಾತು. ಇವುಗಳಲ್ಲಿ ಕೊನೆಯದೇ ನಿಖರ. ತಕ್ಕಡಿಯನ್ನು ನಂಬುವವರಿಗೆ ಲೆಕ್ಕ ಬೇರೆಯಿದೆ: ಖಾಲಿ ಸಿಲಿಂಡರಿನ ತೂಕವನ್ನು ಅದರ ಮೈಮೇಲೇ ಬರೆದಿರುತ್ತಾರೆ, ಅದಕ್ಕೆ 14.2 ಕಿಲೋ ಕೂಡಿಸಿದರೆ ತುಂಬಿದ್ದರ ತೂಕ.

ಹಿಡಿಬಳೆಯನ್ನು ಹೊತ್ತ ಪಟ್ಟಿಗಳ ಒಳಮೈಯಲ್ಲಿ ಇನ್ನೊಂದು ಶಾಸನವಿದೆ. ಶಾಸನತಜ್ಞರು ಇದನ್ನು ಇನ್ನೂ ಗಮನಿಸಿದಂತಿಲ್ಲ. ‘ಬಿ-27’ ಎಂದಿದ್ದರೆ 2027ರ ಏಪ್ರಿಲ್–ಜೂನ್ ಅವಧಿಗೆ ಆ ಸಿಲಿಂಡರಿನ ಮರುಪರೀಕ್ಷೆ ಎಂದರ್ಥ. ಎ, ಬಿ, ಸಿ, ಡಿ ಎಂದರೆ ವರ್ಷದ ನಾಲ್ಕು ಕಾಲುಭಾಗ. ಅವಧಿ ಮುಗಿದದ್ದನ್ನು ತಂದರೆ ಬಾಗಿಲಲ್ಲೇ ವಾಪಸ್ ಕಳಿಸಬಹುದು. ಗ್ಯಾಸಿಗೆ ಸ್ವಂತ ವಾಸನೆಯಿಲ್ಲ, ಸೋರಿದರೆ ತಿಳಿಯಲೆಂದೇ ಮರ್ಕ್ಯಾಪ್ಟನ್ ಬೆರೆಸಿರುತ್ತಾರೆ. ಅದು ಗಾಳಿಗಿಂತ ಭಾರ, ನೆಲದಲ್ಲೇ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ಕೊನೆಯ ಹನಿಯನ್ನೂ ಬಿಡಬಾರದೆಂದು ಸಿಲಿಂಡರನ್ನು ಮಲಗಿಸುವ, ಬಿಸಿನೀರಲ್ಲಿ ಕೂರಿಸುವ ಹಠಯೋಗಿಗಳಿದ್ದಾರೆ. ಅವರ ವಿಷಯದಲ್ಲಿ ಶಾಸ್ತ್ರ ಹಾಸ್ಯ ಬಿಟ್ಟು ‘ಬೇಡ’ ಎನ್ನುತ್ತದೆ. ರಬ್ಬರ್ ಪೈಪಿಗೂ ಐದು ವರ್ಷವಷ್ಟೇ ಆಯುಸ್ಸು, ನೋಡಲು ಎಷ್ಟೇ ಗಟ್ಟಿಮುಟ್ಟಾಗಿದ್ದರೂ.

ಯುಪಿಎಸ್ ಬ್ಯಾಟರಿಯದು ಕಿರುಪ್ರಕರಣ. ಅದು ಕುಡಿಯುವುದು ಡಿಸ್ಟಿಲ್ಡ್ ವಾಟರ್. ಬಾವಿ ನೀರು ಎಷ್ಟೇ ಸಿಹಿಯಿರಲಿ, ಅದರ ಲವಣ ಬ್ಯಾಟರಿಗೆ ವಿಷ. ಪೂರ್ತಿ ಇಳಿದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಸೀಸದ ಫಲಕಗಳಿಗೆ ಸಲ್ಫೇಟು ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ, ಆಮೇಲೆ ಚಾರ್ಜ್ ಹಿಡಿಯುವುದಿಲ್ಲ. ಪೆಟ್ರೋಲಿನ ಕಥೆಯೂ ಇಷ್ಟೇ ದುಃಖದ್ದು. ಕಳೆ ಹೊಡೆಯುವ ಯಂತ್ರದಲ್ಲೋ ಜನರೇಟರಿನಲ್ಲೋ ತಿಂಗಳುಗಟ್ಟಲೆ ಬಿಟ್ಟ ಪೆಟ್ರೋಲು ಅಂಟಾಗಿ ಕಾರ್ಬ್ಯುರೇಟರ್ ಕಟ್ಟಿಸುತ್ತದೆ. ಈಗಿನ ಎಥನಾಲ್ ಬೆರೆತದ್ದು ಮಲೆನಾಡಿನ ತೇವವನ್ನೂ ಎಳೆದುಕೊಳ್ಳುತ್ತದೆ. ಟ್ಯಾಂಕ್ ಬರಿದು ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಎತ್ತಿಡುವುದೊಂದೇ ಪರಿಹಾರ. ಮನೆಯಲ್ಲಿ ಪರವಾನಗಿಯಿಲ್ಲದೆ 30 ಲೀಟರಿಗಿಂತ ಹೆಚ್ಚು ಪೆಟ್ರೋಲು ಇಡುವಂತಿಲ್ಲ ಎನ್ನುತ್ತದೆ 1934ರ ಕಾನೂನು. ಜ್ಯೂಸಿನ ಬಾಟಲಿ ಆ ಕಾನೂನಿನ ಪಾತ್ರೆಗಳ ಪಟ್ಟಿಯಲ್ಲಿಲ್ಲ. ನಮ್ಮ ಮನೆಗಳ ಪಟ್ಟಿಯಲ್ಲಿ ಅದೇ ಮೊದಲು.

ಹಾಗಾದರೆ ನಮ್ಮಲ್ಲಿ ವಾರ್ಷಿಕ ತಪಾಸಣೆಯೇ ಇಲ್ಲವೇ ಎಂಬ ಪೂರ್ವಪಕ್ಷ ಏಳುತ್ತದೆ. ಇದೆ, ಅದರ ಹೆಸರು ಆಯುಧಪೂಜೆ. ಅಂದು ಸಕಲ ಸಾಮಾನೂ ಕೆಳಗಿಳಿದು, ಮೈತೊಳೆದುಕೊಂಡು, ಕುಂಕುಮ ಹಚ್ಚಿಸಿಕೊಂಡು ಸಾಲಾಗಿ ಕೂರುತ್ತವೆ. ಆದರೆ ದೋಷ ಎರಡು. ಪೂಜೆಗಿಟ್ಟದ್ದನ್ನು ಅಂದು ಬಳಸಬಾರದು, ಆದ್ದರಿಂದ ಯಾವುದು ಕೆಟ್ಟಿದೆಯೆಂದು ತಿಳಿಯುವುದಿಲ್ಲ. ಕೆಟ್ಟ ಸ್ಟೌವಿಗೂ ಸರಿಯಿದ್ದ ಸ್ಟೌವಿಗೂ ಒಂದೇ ಅಳತೆಯ ಕುಂಕುಮ. ಎರಡನೆಯದಾಗಿ, ಅದು ಬರುವುದು ಮಳೆಗಾಲ ಮುಗಿಯುವ ಹೊತ್ತಿಗೆ.

ಆದ್ದರಿಂದ ಪಂಚಾಂಗಕರ್ತರಲ್ಲಿ ಒಂದು ಬಿನ್ನಹ. ರೋಹಿಣಿ ಮಳೆಗೆ ಮುಂಚಿನ ಭಾನುವಾರದ ಎದುರು ‘ಅಟ್ಟಪೂಜೆ’ ಎಂದು ಒಂದು ಸಾಲು ಸೇರಿಸಬೇಕು. ಹೂವು, ಹಣ್ಣು, ಮಂತ್ರ ಯಾವುದೂ ಬೇಡ. ಅವತ್ತು ಬೆಳಗ್ಗೆ ಮೇನ್ ಸ್ವಿಚ್ ಆರಿಸಿ, ಗ್ಯಾಸ್ ಬಂದ್ ಮಾಡಿ, ಒಂದು ಹೊತ್ತಿನ ಅಡುಗೆಯನ್ನು ಅಟ್ಟದಿಂದ ಇಳಿದ ಸಾಮಾನಿನಲ್ಲೇ, ಒಟ್ಟಿಟ್ಟ ಸೌದೆ ಸೀಮೆಎಣ್ಣೆಯಲ್ಲೇ ಮುಗಿಸಬೇಕು. ಆದರೆ ಊಟ, ಆಗದಿದ್ದರೆ ಉಪವಾಸ. ಉಪವಾಸ ಹಿಡಿಸದವರು ಶನಿವಾರವೇ ಪೇಟೆಗೆ ಹೋಗಿ ಪಿನ್ನು ತಂದಿಟ್ಟುಕೊಳ್ಳತಕ್ಕದ್ದು.